ಟೆಲಿಹ್ಯಾಂಡ್ಲರ್: ಸ್ಟೇರಿಂಗ್ ಮೋಡ್ ಬದಲಿಸುವ ಸರಿಯಾದ ಕ್ರಮ

ಮಳೆ ಬಿದ್ದ ಸೈಟಿನಲ್ಲಿ ಗೋದಾಮಿನ ಫೋರ್ಕ್‌ಲಿಫ್ಟ್ ಕೆಲಸಕ್ಕೆ ಬರುವುದಿಲ್ಲ. ಅದರ ಸಣ್ಣ ಚಕ್ರ ಕೆಸರಿನಲ್ಲಿ ಹೂತುಹೋಗುತ್ತದೆ. ಅಲ್ಲಿ ಬೇಕಾಗುವುದು ದೊಡ್ಡ ಟೈರಿನ ಟೆಲಿಹ್ಯಾಂಡ್ಲರ್: ಚಾಚುವ ಉದ್ದ ತೋಳಿನಿಂದ (ಬೂಮ್) ಲೋಡ್ ಎತ್ತುವ ಗಾಡಿ. ಗಾಡಿಯೇನೋ ಗಟ್ಟಿ. ಆದರೆ ಅದರ ಮೂರು ಸ್ಟೇರಿಂಗ್ ಮೋಡ್‌ಗಳನ್ನು ಸರಿಯಾಗಿ ಬದಲಿಸುವ ಆಪರೇಟರ್‌ಗಳು ಕಡಿಮೆ. ನಾನು ನೋಡಿರುವ ಎಡವಟ್ಟುಗಳಲ್ಲಿ ಜಾಸ್ತಿ ಇಲ್ಲಿನವೇ.

ರಸ್ತೆಯಲ್ಲಿ ಓಡಿಸಲು ಎರಡು ಚಕ್ರದ ಮೋಡ್: ಮುಂದಿನವು ಮಾತ್ರ ತಿರುಗುತ್ತವೆ. ಇಕ್ಕಟ್ಟಿನಲ್ಲಿ ತಿರುಗಲು ನಾಲ್ಕು ಚಕ್ರದ ಮೋಡ್: ಮುಂದಿನವು ಎಡಕ್ಕೆ ಹೋದರೆ ಹಿಂದಿನವು ಬಲಕ್ಕೆ. ಗೋಡೆಯ ಹತ್ತಿರಕ್ಕೆ ಓರೆಯಾಗಿ ಸರಿಯಲು ಕ್ರ್ಯಾಬ್: ನಾಲ್ಕೂ ಒಂದೇ ಕಡೆಗೆ.

ಅವಸರದಲ್ಲಿ ಚಕ್ರ ಓರೆಯಾಗಿರುವಾಗಲೇ ಸ್ವಿಚ್ ಒತ್ತಿಬಿಡುತ್ತಾರೆ. ಆಮೇಲೆ ಮುಂದಿನ ಚಕ್ರ ನೇರವಾಗಿದ್ದರೂ ಹಿಂದಿನವು ಸೊಟ್ಟಗೇ ಉಳಿಯುತ್ತವೆ. ಗಾಡಿ ಅಡ್ಡಡ್ಡ ಓಡುತ್ತದೆ.

ಹೀಗೆ ಮಾಡಿ. ಗಾಡಿ ಪೂರ್ತಿ ನಿಲ್ಲಿಸಿ. ನಾಲ್ಕು ಚಕ್ರದ ಮೋಡ್‌ನಲ್ಲಿ ಸ್ಟೇರಿಂಗ್ ತಿರುಗಿಸಿ ಮೊದಲು ಹಿಂದಿನ ಚಕ್ರ ನೇರ ಮಾಡಿ. ಆಮೇಲೆ ಎರಡು ಚಕ್ರದ ಮೋಡ್‌ಗೆ ಹಾಕಿ. ಹಿಂದಿನವು ಅಲ್ಲೇ ನಿಲ್ಲುತ್ತವೆ. ಈಗ ಮುಂದಿನವನ್ನು ನೇರ ಮಾಡಿ. ಇಷ್ಟಾದ ಮೇಲೆ ನಿಮಗೆ ಬೇಕಾದ ಮೋಡ್. ಈ ಕ್ರಮ ತಪ್ಪಬಾರದು. ಹಿಂದಿನ ಚಕ್ರವನ್ನು ಮಾತ್ರ ತಿರುಗಿಸುವ ಮೋಡ್ ಇಲ್ಲ. ಹಾಗಾಗಿ ಮುಂದಿನವನ್ನು ಮೊದಲು ನೇರ ಮಾಡಿಕೊಂಡರೆ, ಹಿಂದಿನವನ್ನು ಸರಿಪಡಿಸಲು ಹೋದಾಗ ಅವು ಮತ್ತೆ ಓರೆಯಾಗುತ್ತವೆ. ಕೆಲವು ಗಾಡಿಗಳಲ್ಲಿ ಚಕ್ರ ನೇರವಾದಾಗ ದೀಪ ಹತ್ತುತ್ತದೆ. ದೀಪ ಇರಲಿ, ನೀವು ಕಿಟಕಿಯಿಂದ ಟೈರನ್ನೂ ಒಮ್ಮೆ ನೋಡಿ. ಕ್ಯಾಬಿನ್ ಸಾಮಾನ್ಯವಾಗಿ ಎಡಕ್ಕಿರುತ್ತದೆ, ಬಲಗಡೆಯನ್ನು ಬೂಮ್ ಮರೆ ಮಾಡುತ್ತದೆ. ಆದ್ದರಿಂದ ಎಡಗಡೆ ಹಿಂದಿನ ಟೈರ್ ನೋಡಿದರೆ ಸಾಕು.

ನಾಲ್ಕು ಚಕ್ರದಲ್ಲಿ ತಿರುಗಿದರೆ ಗಾಡಿಯ ಹಿಂಭಾಗ ಹೊರಕ್ಕೆ ಬೀಸುತ್ತದೆ. ಗಾಡಿಗೂ ಗೋಡೆಗೂ ನಡುವೆ ಹೆಲ್ಪರ್ ನಿಂತಿದ್ದರೆ ಹಾರ್ನ್ ಹೊಡೆದು ಸುಮ್ನೆ ತಿರುಗಿಸಬೇಡಿ. ಅವರು ಪಕ್ಕಕ್ಕೆ ಸರಿದ ಮೇಲೇ ತಿರುಗಿಸಿ.

ನೆಲ ಅಡ್ಡಕ್ಕೆ ವಾಲಿದ್ದರೆ ಲೋಡ್ ಎತ್ತುವ ಮೊದಲು ಫ್ರೇಮ್ (ಗಾಡಿಯ ಚೌಕಟ್ಟು) ಅದರ ಲಿವರ್‌ನಿಂದ ಸಮ ಮಾಡಿ. ಕ್ಯಾಬಿನ್‌ನಲ್ಲಿ ಮೇಸ್ತ್ರಿಗಳ ರಸಮಟ್ಟದ ಥರದ್ದೇ ಒಂದು ಗುಳ್ಳೆ ಇರುತ್ತದೆ. ಅದು ನಡುವಿಗೆ ಬಂದ ಮೇಲೇ ಬೂಮ್ ಮೇಲಕ್ಕೆ. ಬೂಮ್ ಎತ್ತಿದ ಮೇಲೆ ಫ್ರೇಮ್ ಲಿವರ್ ಮುಟ್ಟಲೇಬಾರದು. 3 ಡಿಗ್ರಿ ವಾಲಿದರೂ 10 ಮೀಟರ್ ಎತ್ತರದ ಲೋಡ್ ಸುಮಾರು ಅರ್ಧ ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಇದೇ ಗತಿ, ಅಲ್ವಾ? ಅದಕ್ಕೇ ಬೆಳಿಗ್ಗೆ ಗಾಳಿ ನೋಡಿಯೇ ಗಾಡಿ ಹತ್ತಿ.

ಫೋರ್ಕ್ ಉದ್ದ ಸಾಲದೆಂದು ವೆಲ್ಡಿಂಗ್ ಅಂಗಡಿಯಲ್ಲಿ ಪೈಪ್ ಜೋಡಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಭಾರ ಮುಂದಕ್ಕೆ ಸರಿದಷ್ಟೂ ಗಾಡಿ ಎತ್ತಬಲ್ಲ ತೂಕ ಇಳಿಯುತ್ತದೆ. ಕ್ಯಾಬಿನ್‌ನಲ್ಲಿರುವ ಲೋಡ್ ಚಾರ್ಟ್ (ಬೂಮ್ ಎಷ್ಟು ಚಾಚಿದಾಗ ಎಷ್ಟು ತೂಕ ಎತ್ತಬಹುದೆಂಬ ಪಟ್ಟಿ) ಆಗ ಉಪಯೋಗಕ್ಕೆ ಬರುವುದಿಲ್ಲ.

ಲೋಡ್ ಇದ್ದಾಗ ಬೂಮ್ ಒಳಗೆಳೆದು, ನೆಲಕ್ಕೆ ಹತ್ತಿರ ಇಟ್ಟುಕೊಂಡು ಓಡಿಸಿ. ಇಳಿಜಾರಿನಲ್ಲಿ ಲೋಡ್ ಏರಿನ ಕಡೆಗೇ ಇರಲಿ: ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್.