ಹತ್ತಿರದ್ದೋ, ದೂರದ್ದೋ: ಪುಣೆಯಲ್ಲಿ ಕೂತು ನಕ್ಷತ್ರ ಹುಟ್ಟುವ ಮೋಡಗಳ ದೂರ ಅಳೆದದ್ದು

ನಕ್ಷತ್ರಗಳು ಹುಟ್ಟುವ ಅನಿಲ ಮೋಡಗಳ ಮೇಲೆ ಕೆಲಸ ಮಾಡುತ್ತೇನೆ ಅಂದರೆ ಪುಣೆಯ ಕನ್ನಡದವರು ಮೊದಲು ಕೇಳುವುದು ಒಂದೇ: "ಎಷ್ಟ್ ದೂರ ಅದಾವ್ರೀ ಅವು?" ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಕೆಲಸದ ಮುಕ್ಕಾಲು ಪಾಲು ಹೋದದ್ದೂ ಆ ಒಂದು ಅಂಕಿಯ ಹಿಂದೆಯೇ. ಮೋಡ ಪತ್ತೆ ಹಚ್ಚುವುದು ಈಗ ಅಂಥ ಸಾಹಸವೇನೂ ಅಲ್ಲ. ಪತ್ತೆಯಾದ ಮೋಡ ಆಕಾಶಗಂಗೆಯ ಯಾವ ಮೂಲೆಯಲ್ಲಿದೆ ಎಂದು ಗೊತ್ತಾಗದಿದ್ದರೆ ಮಾತ್ರ ಅದರ ಬಗ್ಗೆ ಏನು ಹೇಳಿದರೂ ಪ್ರಯೋಜನವಿಲ್ಲ.

ಪತ್ತೆ ಸುಲಭವಾದದ್ದಕ್ಕೆ ಕಾರಣ ವೈಸ್ ಎಂಬ ನಾಸಾದ ಅವರಕ್ತ (ಇನ್ಫ್ರಾರೆಡ್) ದೂರದರ್ಶಕ. ದೊಡ್ಡ, ಬಿಸಿಯಾದ ನಕ್ಷತ್ರವೊಂದು ಮೋಡದೊಳಗೆ ಹುಟ್ಟಿದರೆ ಅದರ ನೇರಳಾತೀತ ಬೆಳಕು ಸುತ್ತಲಿನ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತದೆ. ಹೀಗೆ ಅಯಾನೀಕರಣಗೊಂಡ, ಹತ್ತಿರಹತ್ತಿರ 10,000 ಡಿಗ್ರಿ ಬಿಸಿಯ ಗುಳ್ಳೆಗೆ ನಮ್ಮವರು ಎಚ್‌ಟೂ ರೀಜನ್ ಅನ್ನುತ್ತಾರೆ. ಅದರ ಒಳಗಿನ ಬೆಚ್ಚಗಿನ ದೂಳು 22 ಮೈಕ್ರಾನ್‌ನಲ್ಲಿ ಹೊಳೆಯುತ್ತದೆ, ಅಂಚು 12 ಮೈಕ್ರಾನ್‌ನಲ್ಲಿ ಉಂಗುರದ ಹಾಗೆ ಕಾಣುತ್ತದೆ. ಈ ಗುರುತು ಹಿಡಿದೇ 2014ರಲ್ಲಿ 8,000ಕ್ಕೂ ಹೆಚ್ಚು ಮೋಡಗಳ ಪಟ್ಟಿಯೊಂದು ಹೊರಬಂತು. ಅವುಗಳಲ್ಲಿ ವೇಗ ಅಳೆದು ಖಾತ್ರಿಯಾಗಿದ್ದವು ಸುಮಾರು 1,500 ಮಾತ್ರ. ಉಳಿದವು ಕೇವಲ ಉಮೇದುವಾರರು. ಆ ಉಮೇದುವಾರರಲ್ಲಿ ಕೆಲವನ್ನು ಆರಿಸಿಕೊಂಡು, ರೇಡಿಯೊದಲ್ಲಿ ನೋಡಿ, ದೂರ ಹೇಳುವುದು ನಮ್ಮ ಚಿಕ್ಕ ತಂಡ ಹಿಡಿದ ಕೆಲಸ.

ಉಪಕರಣ ಮನೆ ಬಾಗಿಲಲ್ಲೇ ಇತ್ತು. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿ.ಮೀ., ನಾಶಿಕ್ ರಸ್ತೆಯಲ್ಲಿ ಚಾಕಣ್‌ನ ಟ್ರಾಫಿಕ್ ದಾಟಿದರೆ ನಾರಾಯಣಗಾಂವ್, ಅಲ್ಲಿಂದ ಒಳಗೆ ಖೋಡದ್. ಟೊಮೆಟೊ, ದ್ರಾಕ್ಷಿ ಬೆಳೆಯುವ ಹೊಲಗಳ ನಡುವೆ ದೈತ್ಯ ರೇಡಿಯೊ ದೂರದರ್ಶಕ ಜಾಲವಾದ ಜಿಎಂಆರ್‌ಟಿಯ 30 ಆಂಟೆನಾಗಳು. ಒಂದೊಂದೂ 45 ಮೀಟರ್ ಅಗಲ. 14 ಆಂಟೆನಾಗಳು ಸುಮಾರು 1 ಕಿ.ಮೀ. ಚೌಕದೊಳಗೆ ಗುಂಪಾಗಿವೆ, ಉಳಿದ 16 ಮೂರು ತೋಳುಗಳಾಗಿ ಹರಡಿಕೊಂಡಿವೆ. ಎರಡು ಆಂಟೆನಾಗಳ ನಡುವಿನ ಅತಿ ಹೆಚ್ಚಿನ ಅಂತರ 25 ಕಿ.ಮೀ. ತಟ್ಟೆಗಳು ಗಟ್ಟಿ ತಗಡಿನವಲ್ಲ, ಬಿಗಿದ ಉಕ್ಕಿನ ಹಗ್ಗಗಳ ಮೇಲೆ ಹೊಲಿದ ತಂತಿಬಲೆ. ಈ ಜಾಲ ಕಟ್ಟಿಸಿದ ಖಗೋಳಜ್ಞ ಗೋವಿಂದ ಸ್ವರೂಪ್ ಹುಡುಕಿದ ಅಗ್ಗದ ದಾರಿ ಅದು. ಗಾಳಿ ಬಲೆಯ ಮೂಲಕ ಹಾದುಹೋಗುತ್ತದೆ, 21 ಸೆಂ.ಮೀ. ರೇಡಿಯೊ ಅಲೆಗೆ ಮಾತ್ರ ಅದು ಗೋಡೆಯೇ. ಹಾಗಂತ ಎಷ್ಟು ಗಾಳಿಯಾದರೂ ನಡೆಯುತ್ತದೆ ಅಂತಲ್ಲ. ಕಂಟ್ರೋಲ್ ರೂಮಿನಲ್ಲಿ ನಮ್ಮ ಪಾಳಿಗೆ ಸಿಕ್ಕ ಆಪರೇಟರ್ ನಿಪ್ಪಾಣಿ ಕಡೆಯವರು, ಮರಾಠಿ ಕನ್ನಡ ಎರಡರಲ್ಲೂ ಸರಾಗ. ಮಳೆಗಾಲದ ಒಂದು ಸಂಜೆ "ಗಾಳಿ ಏರಾಕತ್ತೈತ್ರಿ ಮೇಡಂ, ಪಾರ್ಕ್ ಮಾಡಬೇಕಾಗ್ತದ" ಅಂದರು. ಎಲ್ಲ ತಟ್ಟೆಗಳೂ ಆಕಾಶದತ್ತ ನೆಟ್ಟಗೆ ಮುಖ ಮಾಡಿ ನಿಂತವು, ನಾವು ಚಹಾ ಕುಡಿಯುತ್ತಾ ಕೂತೆವು. ಮಳೆಯಿಂದ ನಮ್ಮ ಆವೃತ್ತಿಗೆ ತೊಂದರೆಯೇ ಇಲ್ಲ, ಗಾಳಿಗೆ ಮಾತ್ರ ತಲೆಬಾಗಬೇಕು.

ಸಮಯ ಸಿಗುವ ರೀತಿ ಸರಳ. ವರ್ಷಕ್ಕೆ ಎರಡು ಸಲ ಪ್ರಸ್ತಾವ ಕರೆಯುತ್ತಾರೆ. ಏನು ನೋಡಬೇಕು, ಯಾಕೆ, ಎಷ್ಟು ಹೊತ್ತು ಎಂದು ಬರೆದು ಕಳಿಸಬೇಕು. ಸಮಿತಿಗೆ ಒಪ್ಪಿಗೆಯಾದರೆ ಸರದಿ ಬರುತ್ತದೆ. ಕೇಳುವವರು ಜಗತ್ತಿನ ಎಲ್ಲ ಕಡೆಯಿಂದಲೂ ಇರುವುದರಿಂದ "ಇದು ಇಲ್ಲೇ ಯಾಕೆ ಆಗಬೇಕು" ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಬೇಕು. ನಮ್ಮ ಉತ್ತರ ಹೀಗಿತ್ತು: ಖೋಡದ್ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ, ಆಕಾಶಗಂಗೆಯ ಒಳಭಾಗ ಅಲ್ಲಿ ತಲೆಯ ಮೇಲೆ ಚೆನ್ನಾಗಿ ಏರುತ್ತದೆ. ಜೊತೆಗೆ, ಒಂದೇ ಜಾಲದಲ್ಲಿ ಹತ್ತಿರದ ಜೋಡಿಗಳೂ ದೂರದ ಜೋಡಿಗಳೂ ಸಿಗುತ್ತವೆ. ಅದರ ಬೆಲೆ ಮುಂದೆ ಹೇಳುತ್ತೇನೆ.

ಗೊತ್ತಿಲ್ಲದ ಮೋಡಗಳಿಗೆ ಕೈ ಹಾಕುವ ಮೊದಲು ಉತ್ತರ ಗೊತ್ತಿರುವ ಒಂದರ ಮೇಲೆ ವಿಧಾನ ಪರೀಕ್ಷಿಸಬೇಕೆಂದು ಪಟ್ಟು ಹಿಡಿದವಳು ನಾನೇ. ಆರಿಸಿದ್ದು ಡಬ್ಲ್ಯೂ 49. ಡಚ್ ಖಗೋಳಜ್ಞ ವೆಸ್ಟರ್‌ಹೌಟ್ 1958ರಲ್ಲಿ 22 ಸೆಂ.ಮೀ. ಅಲೆಯಲ್ಲಿ ಮಾಡಿದ ಸಮೀಕ್ಷೆಯ 49ನೇ ನಮೂದು ಅದು. ಹತ್ತಿರದಿಂದ ನೋಡಿದರೆ ಅಲ್ಲಿರುವುದು ಎರಡು ವಸ್ತು: ಎ ಎನ್ನುವುದು ನಕ್ಷತ್ರ ಹುಟ್ಟುತ್ತಿರುವ ಮೋಡ, ಬಿ ಎನ್ನುವುದು ನಕ್ಷತ್ರ ಸತ್ತು ಸಿಡಿದ ಅವಶೇಷ. ಎರಡರ ನಡುವೆ ಅರ್ಧ ಹುಣ್ಣಿಮೆ ಚಂದ್ರನಷ್ಟು ಅಂತರ, ಹಾಗಾಗಿ ಜಿಎಂಆರ್‌ಟಿಯ ಒಂದೇ ನೋಟದಲ್ಲಿ ಎರಡೂ ಸಿಗುತ್ತವೆ. ಆವೃತ್ತಿ ಬದಲಿಸಿ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಬೇರೇನೂ ವಿವರಿಸಬೇಕಾಗಿಲ್ಲ. 1,400 ಮೆಗಾಹರ್ಟ್ಜ್‌ನಿಂದ 325ರ ಕಡೆಗೆ ಇಳಿದಂತೆ ಅವಶೇಷ ಇನ್ನಷ್ಟು ಪ್ರಖರವಾಗುತ್ತದೆ, ಮೋಡ ಮಂಕಾಗುತ್ತದೆ. ಕೆಳಗಿನ ಆವೃತ್ತಿಯಲ್ಲಿ ಅಯಾನು ಅನಿಲ ತನ್ನ ಬೆಳಕನ್ನು ತಾನೇ ನುಂಗಿಕೊಳ್ಳುವುದೇ ಇದಕ್ಕೆ ಕಾರಣ. ಉಮೇದುವಾರರ ಪಟ್ಟಿಯಿಂದ ಸುಳ್ಳುಮೋಡಗಳನ್ನು ಜರಡಿ ಹಿಡಿಯಲು ಇದೇ ಪರೀಕ್ಷೆ ನಮಗೆ ಬಹಳ ಸಲ ಸಾಕಾಯಿತು.

ಇನ್ನು ವೇಗ. ಕಿತ್ತುಹೋದ ಎಲೆಕ್ಟ್ರಾನ್ ಮತ್ತೆ ಪ್ರೋಟಾನ್‌ಗೆ ಸಿಕ್ಕಿಬಿದ್ದಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. 167ನೇ ಹಂತದಿಂದ 166ಕ್ಕೆ ಇಳಿದರೆ 1424.7 ಮೆಗಾಹರ್ಟ್ಜ್‌ನಲ್ಲಿ ಒಂದು ರೇಖೆ, ಅಂದರೆ ಆ ಒಂದೇ ಆವೃತ್ತಿಯಲ್ಲಿ ಹೊಮ್ಮುವ ಬೆಳಕಿನ ಗುರುತು. ಅಂಥ ಪರಮಾಣುವಿನ ಅಡ್ಡಗಲ ಸುಮಾರು 3 ಮೈಕ್ರಾನ್, ಅಂದರೆ ಒಂದು ಬ್ಯಾಕ್ಟೀರಿಯಾದಷ್ಟು. ಭೂಮಿಯ ಮೇಲೆ ಇಷ್ಟು ಉಬ್ಬಿದ ಪರಮಾಣು ಸಹಜವಾಗಿ ಒಂದು ಕ್ಷಣವೂ ಉಳಿಯದು. ಇಂಥ ರೇಖೆಗಳು ಸಿಗಬಹುದೆಂದು ಸೋವಿಯತ್ ಖಗೋಳಜ್ಞ ಕರ್ದಾಶೆವ್ 1959ರಲ್ಲಿ ಲೆಕ್ಕ ಹಾಕಿದರು, 1964ರಲ್ಲಿ ಸೋವಿಯತ್ ತಂಡಗಳು ಹಿಡಿದವು. ನಮ್ಮ ಆವೃತ್ತಿಯಲ್ಲಿ ರೇಖೆ ತೀರಾ ಕ್ಷೀಣ, ಮೋಡದ ಒಟ್ಟು ಪ್ರಭೆಯ ಶೇಕಡಾ 1ರ ಆಸುಪಾಸು. ಆದರೆ 1050ರಿಂದ 1450 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ ಇಂಥ 18 ರೇಖೆಗಳಿವೆ. ಎಲ್ಲವನ್ನೂ ವೇಗದ ಅಳತೆಗೆ ತಂದು ಒಂದರ ಮೇಲೊಂದು ಪೇರಿಸಿದರೆ ಗದ್ದಲ ಇಳಿಯುತ್ತದೆ, ರೇಖೆ ತಲೆ ಎತ್ತುತ್ತದೆ.

ಹದಿನೆಂಟೂ ಕೈಗೆ ಸಿಗುವುದಿಲ್ಲ ಎನ್ನುವುದು ಬೇರೆ ಮಾತು. 1090ರಲ್ಲಿ ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳು ಕೂಗುತ್ತಿರುತ್ತವೆ. 178ರಿಂದ 177ನೇ ಹಂತಕ್ಕೆ ಇಳಿಯುವಾಗಿನ ರೇಖೆ ಬೀಳುವುದು 1175.9ರಲ್ಲಿ. ಜಿಪಿಎಸ್‌ನ ಎಲ್5 ಸಂಕೇತ, ನಮ್ಮದೇ ದಿಕ್ಸೂಚಿ ಉಪಗ್ರಹ ವ್ಯವಸ್ಥೆ ನಾವಿಕ್‌ನ ಸಂಕೇತ ಎರಡೂ ಇರುವುದು 1176.45ರಲ್ಲಿ! ಆ ರೇಖೆಯ ಆಸೆ ಮೊದಲೇ ಬಿಟ್ಟೆವು. ಮೊಬೈಲ್‌ನಲ್ಲಿ ದಾರಿ ನೋಡಿಕೊಂಡೇ ಖೋಡದ್‌ಗೆ ಬರುವ ನಾವು ಉಪಗ್ರಹಗಳನ್ನು ಬೈಯುವುದರಲ್ಲಿ ಅರ್ಥವಿಲ್ಲ.

ರೇಖೆ ಸಿಕ್ಕಿತು, ಅದರ ಆವೃತ್ತಿ ಎಷ್ಟು ಜರುಗಿದೆ ಎಂಬ ಡಾಪ್ಲರ್ ಸರಿತದಿಂದ ಮೋಡ ನಮ್ಮಿಂದ ದೂರ ಸರಿಯುವ ಅಥವಾ ನಮ್ಮತ್ತ ಬರುವ ವೇಗ ಬಂತು ಅಂದುಕೊಳ್ಳಿ. ಅಲ್ಲಿಂದ ದೂರಕ್ಕೆ ಹೋಗುವುದು ಆಕಾಶಗಂಗೆಯ ತಿರುಗುವಿಕೆಯ ಮೂಲಕ. ಗ್ಯಾಲಕ್ಸಿಯ ಯಾವ ವರ್ತುಲ ಎಷ್ಟು ವೇಗದಲ್ಲಿ ತಿರುಗುತ್ತದೆ ಎಂಬ ಅಂದಾಜು ನಮ್ಮ ಬಳಿ ಇದೆ. ಮೋಡ ಯಾವ ವರ್ತುಲದಲ್ಲಿದೆ ಎಂದು ವೇಗ ಹೇಳುತ್ತದೆ. ತೊಡಕು ಇಲ್ಲಿಯೇ: ನಾವು ನೋಡುವ ದಿಕ್ಕಿನ ಗೆರೆ ಒಳಗಿನ ವರ್ತುಲವನ್ನು ಎರಡು ಕಡೆ ಕತ್ತರಿಸುತ್ತದೆ, ಒಮ್ಮೆ ಈಚೆಗೆ, ಒಮ್ಮೆ ಆಚೆಗೆ. ಎರಡೂ ಕಡೆ ವೇಗ ಒಂದೇ. ಡಬ್ಲ್ಯೂ 49ರ ಮೋಡದ ವೇಗ ಸೆಕೆಂಡಿಗೆ ಸುಮಾರು 8 ಕಿ.ಮೀ. ಲೆಕ್ಕ ಹಾಕಿದರೆ ಅದು ಒಂದೋ 1,800 ಜ್ಯೋತಿರ್ವರ್ಷ ದೂರದಲ್ಲಿದೆ, ಇಲ್ಲವೇ 37,000. ಹತ್ತಿರದ್ದಾದರೆ ಬೆರಳೆಣಿಕೆಯ ದೊಡ್ಡ ನಕ್ಷತ್ರಗಳ ಸಾಧಾರಣ ಮೋಡ. ದೂರದ್ದಾದರೆ ಅದೇ ಕಾಂತಿಗೆ ಸುಮಾರು 400 ಪಟ್ಟು ಹೆಚ್ಚು ಶಕ್ತಿ ಬೇಕು. ಒಂದೇ ಚಿತ್ರ, ಒಂದೇ ವೇಗ, ಎರಡು ಬೇರೆಯೇ ಕಥೆ.

ತೀರ್ಪು ಕೊಡುವುದು ದಾರಿಯಲ್ಲಿ ಸಿಗುವ ತಣ್ಣನೆಯ ಹೈಡ್ರೋಜನ್. ಲೋನಾವಳಾ ಘಾಟಿನ ಮಂಜಿನಲ್ಲಿ ಎದುರು ಬರುವ ಲಾರಿಯ ದೀಪ ಎಷ್ಟು ಮಂಜು ದಾಟಿ ಬಂದಿದೆ ಎನ್ನುವುದರಿಂದಲೇ ಅದರ ದೂರ ಊಹಿಸುತ್ತೇವಲ್ಲ, ಹಾಗೆ. ಇಲ್ಲಿ ಇನ್ನೊಂದು ಅನುಕೂಲವಿದೆ. ಆ ಹೈಡ್ರೋಜನ್ 1420.4 ಮೆಗಾಹರ್ಟ್ಜ್‌ನಲ್ಲಿ ಬೆಳಕು ಹೀರುವಾಗ ತನ್ನ ವೇಗವನ್ನೂ ಅಲ್ಲೇ ಗುರುತು ಹಾಕಿ ಹೋಗುತ್ತದೆ. ನಮ್ಮ ದೃಷ್ಟಿಗೆರೆ ಗ್ಯಾಲಕ್ಸಿಯ ಕೇಂದ್ರಕ್ಕೆ ಅತಿ ಹತ್ತಿರ ಬರುವ ಬಿಂದುವಿನಲ್ಲಿ ವೇಗ ಗರಿಷ್ಠ. ಡಬ್ಲ್ಯೂ 49ರ ದಿಕ್ಕಿನಲ್ಲಿ ಅದು ಸೆಕೆಂಡಿಗೆ 70 ಕಿ.ಮೀ. ಆಸುಪಾಸು. ಮೋಡ ಈಚೆಗಿದ್ದರೆ ಹೀರಿಕೆ 8ರ ಹತ್ತಿರ ನಿಲ್ಲಬೇಕು. ಆಚೆಗಿದ್ದರೆ ಅದರ ಬೆಳಕು ಆ ಬಿಂದುವನ್ನು ದಾಟಿಯೇ ಬರಬೇಕು, ಹಾಗಾಗಿ ಹೀರಿಕೆ 70ರವರೆಗೂ ಕಾಣಬೇಕು.

ಪರದೆಯ ಮೇಲೆ ರೋಹಿತ, ಅಂದರೆ ಯಾವ ವೇಗದಲ್ಲಿ ಎಷ್ಟು ಬೆಳಕು ಎಂಬ ನಕ್ಷೆ, ಮೂಡಿದ ದಿನ ಪುಣೆಯ ಗಣೇಶಖಿಂಡದ ನಮ್ಮ ಕೋಣೆಯಲ್ಲಿ ನನ್ನ ಜೊತೆಗಿದ್ದುದು ಗದಗಿನ ವಿದ್ಯಾರ್ಥಿನಿ. ಸೊನ್ನೆಯ ಹತ್ತಿರ ಒಂದು ಆಳವಾದ ಹಳ್ಳ, ಅದು ಎಲ್ಲರಿಗೂ ಬರುತ್ತದೆ. ಆಮೇಲೆ 40ರಲ್ಲಿ ಒಂದು, 60ರ ಸುತ್ತ ಇನ್ನೊಂದು ಅಗಲವಾದದ್ದು. "ಅಕ್ಕಾ, ಎಪ್ಪತ್ತರ ತನಕಾನೂ ಹಬ್ಬೈತಿ ನೋಡ್ರಿ" ಅಂದಳು. 40 ಮತ್ತು 60 ಎರಡೂ ಆಕಾಶಗಂಗೆಯ ಸುರುಳಿ ತೋಳುಗಳಲ್ಲೊಂದಾದ ಧನು ತೋಳಿನ ಅನಿಲ. ಮೋಡ ಅದರ ಆಚೆಗಿದೆ. ಇದೇ ಮೋಡದ ದೂರವನ್ನು ನೀರಿನ ಮೇಸರ್‌ಗಳ (ಲೇಸರ್‌ನಂತೆ ಪ್ರಖರವಾಗಿ ಹೊಳೆಯುವ ರೇಡಿಯೊ ಬಿಂದುಗಳು) ಸ್ಥಾನಪಲ್ಲಟದಿಂದ, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ಅವು ಜರುಗಿದಂತೆ ಕಾಣುವುದರಿಂದ, 2013ರಲ್ಲಿ ನೇರವಾಗಿ ಅಳೆದಿದ್ದರು: ಸುಮಾರು 36,000 ಜ್ಯೋತಿರ್ವರ್ಷ. ನಮ್ಮದು ಅದಕ್ಕೆ ತಾಳೆಯಾಯಿತು. ಇನ್ನು ಗೊತ್ತಿಲ್ಲದವುಗಳ ಕಡೆ ಹೋಗಬಹುದು ಎಂಬ ಧೈರ್ಯ ಬಂತು.

ಈ ರೋಹಿತ ಸ್ವಚ್ಛವಾಗಿ ಬರಲು ಬೇಕಾದ ಎರಡು ವಿಷಯ ಹೇಳಲೇಬೇಕು, ಯಾಕಂದರೆ ಪಠ್ಯದಲ್ಲಿ ಇವು ಅಡಿಟಿಪ್ಪಣಿಯಾಗಿ ಉಳಿದುಬಿಡುತ್ತವೆ. ಮೊದಲನೆಯದು, ಆಂಟೆನಾ ಜೋಡಿಗಳ ಆಯ್ಕೆ. ಹೈಡ್ರೋಜನ್ ಬೆಳಕು ಹೀರುವುದಷ್ಟೇ ಅಲ್ಲ, ಆಕಾಶದ ತುಂಬ ಹರಡಿಕೊಂಡು ತಾನೂ ಬೆಳಗುತ್ತದೆ. ಈ ಹರಡಿದ ಬೆಳಕು ಹತ್ತಿರದ ಜೋಡಿಗಳಿಗೆ ಮಾತ್ರ ಕಾಣುತ್ತದೆ, ದೂರದ ಜೋಡಿಗಳು ಅದಕ್ಕೆ ಕುರುಡು. ಹಾಗಾಗಿ ಮೋಡದ ಪೂರ್ತಿ ಚಿತ್ರಕ್ಕೆ ಎಲ್ಲ ಜೋಡಿಗಳನ್ನೂ ಬಳಸಿ, ಹೀರಿಕೆಯ ರೋಹಿತಕ್ಕೆ 210 ಮೀಟರ್‌ಗಿಂತ ಕಡಿಮೆ ಅಂತರದವನ್ನು ಬಿಟ್ಟೆವು. ಒಂದೇ ದತ್ತಾಂಶ, ಎರಡು ಉಪಯೋಗ. ಪ್ರಸ್ತಾವದಲ್ಲಿ "ಇಲ್ಲೇ ಯಾಕೆ" ಎಂಬುದಕ್ಕೆ ನಮ್ಮ ಗಟ್ಟಿ ಉತ್ತರ ಇದೇ.

ಎರಡನೆಯದು, ಅಳತೆಗೋಲಿನದು. ಉಪಕರಣದ ಸ್ವಂತ ಏರಿಳಿತ ತೆಗೆಯಲು ಸ್ಥಿರವಾದ ಪ್ರಖರ ಆಕರವೊಂದನ್ನು ನೋಡಿ ಭಾಗಿಸುತ್ತೇವೆ. 3ಸಿ48, 3ಸಿ147 ಅಂಥವನ್ನು ಎಲ್ಲರೂ ಬಳಸುತ್ತಾರೆ. ಆದರೆ ಅವುಗಳ ಬೆಳಕೂ ನಮ್ಮ ಗ್ಯಾಲಕ್ಸಿಯ ಹೈಡ್ರೋಜನ್ ದಾಟಿಯೇ ಬರುತ್ತದೆ, ಸೊನ್ನೆ ವೇಗದ ಹತ್ತಿರ ಅವಕ್ಕೂ ಒಂದು ಹಳ್ಳ ಇರುತ್ತದೆ. ಹಾಗೇ ಭಾಗಿಸಿದರೆ ಮೋಡದ ರೋಹಿತದಲ್ಲಿ ಇಲ್ಲದ ದಿಬ್ಬವೊಂದು ಎದ್ದು ಕೂರುತ್ತದೆ. ಪರಿಹಾರ: ಅಳತೆಗೋಲನ್ನು ನೋಡುವಾಗ ಆವೃತ್ತಿಯನ್ನು ಕೆಲವು ಮೆಗಾಹರ್ಟ್ಜ್ ಮೇಲಕ್ಕೂ ಕೆಳಕ್ಕೂ ಸರಿಸಿ, ಎರಡರ ಸರಾಸರಿ ಹಿಡಿಯುವುದು. ಸಮಯ ಸ್ವಲ್ಪ ಹೆಚ್ಚು ಹೋಗುತ್ತದೆ, ಹೋಗಲಿ. ಭೂಮಿ ಸೂರ್ಯನನ್ನು ಸುತ್ತುವ ಸೆಕೆಂಡಿಗೆ 30 ಕಿ.ಮೀ. ವೇಗವನ್ನು ಕಳೆಯುವುದು ಸಾಫ್ಟ್‌ವೇರ್ ಕೆಲಸ, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ನಮ್ಮ ಪಟ್ಟಿಯ ಮೋಡಗಳೆಲ್ಲ ಡಬ್ಲ್ಯೂ 49ರಷ್ಟು ಉದಾರಿಗಳಲ್ಲ. ಮಂಕಾದವುಗಳಲ್ಲಿ ಹೀರಿಕೆ ಗದ್ದಲದೊಳಗೇ ಹೂತುಹೋಗುತ್ತದೆ, ಅವಕ್ಕೆ ನಾವು ತೀರ್ಪು ಬರೆಯಲಿಲ್ಲ. "ಬಹುಶಃ ದೂರದ್ದು" ಎಂದು ಪಟ್ಟಿಯಲ್ಲಿ ಹಾಕುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಮುಂದಿನವರು ಆ "ಬಹುಶಃ" ಅನ್ನು ಮರೆತು ಅಂಕಿಯನ್ನಷ್ಟೇ ಎತ್ತಿಕೊಳ್ಳುತ್ತಾರೆ. ವೇಗ ಗರಿಷ್ಠದ ಹತ್ತಿರವೇ ಇರುವ ಮೋಡಗಳದ್ದು ಇನ್ನೊಂದು ಬಗೆ. ಅಲ್ಲಿ ಈಚೆ ಆಚೆ ಎರಡೂ ಉತ್ತರಗಳು ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ಜಗಳವೇ ಇಲ್ಲ.

ಎಲ್ಲಕ್ಕಿಂತ ಸಲೀಸಾದವು ಋಣ ವೇಗದವು, ಅಂದರೆ ನಮ್ಮತ್ತ ಬರುತ್ತಿರುವಂಥವು. ಡಬ್ಲ್ಯೂ 49 ಇರುವ ಆಕಾಶಗಂಗೆಯ ಈ ಕಾಲುಭಾಗದಲ್ಲಿ ಮೋಡವೊಂದರ ವೇಗ ಸೊನ್ನೆಗಿಂತ ಸಾಕಷ್ಟು ಕೆಳಗಿದ್ದರೆ ಅದು ಸೂರ್ಯನ ವರ್ತುಲದ ಹೊರಗೆ, ಗ್ಯಾಲಕ್ಸಿಯ ಆಚೆ ಮಗ್ಗುಲಲ್ಲಿದೆ ಎಂದೇ ಅರ್ಥ. ಅಲ್ಲಿ ಗೆರೆ ವರ್ತುಲವನ್ನು ಕತ್ತರಿಸುವುದು ಒಂದೇ ಸಲ. 2011ರಲ್ಲಿ ಡೇಮ್ ಮತ್ತು ಥ್ಯಾಡಿಯಸ್ ಗುರುತಿಸಿದ ಹೊರ ಸ್ಕ್ಯೂಟಮ್-ಸೆಂಟಾರಸ್ ತೋಳು ಇರುವುದು ಆ ಕಡೆ, ಕೇಂದ್ರದಿಂದ ಸುಮಾರು 50,000 ಜ್ಯೋತಿರ್ವರ್ಷ ದೂರದಲ್ಲಿ. ಅಷ್ಟು ಹೊರಗೆ, ಅನಿಲ ವಿರಳವಾಗಿ ಭಾರದ ಮೂಲಧಾತುಗಳೂ ಕಡಿಮೆ ಇರುವ ಕಡೆ, ದೊಡ್ಡ ನಕ್ಷತ್ರಗಳು ಹೇಗೆ ಹುಟ್ಟುತ್ತವೆ ಎನ್ನುವುದು ಈಗ ನಮ್ಮ ತಂಡದ ಮುಂದಿರುವ ಪ್ರಶ್ನೆ. ಗದಗಿನ ಹುಡುಗಿ ಅದನ್ನೇ ತನ್ನ ಪಿಎಚ್‌ಡಿಗೆ ಎತ್ತಿಕೊಂಡಿದ್ದಾಳೆ.

ಧಾರವಾಡ, ಬೆಳಗಾವಿ, ವಿಜಯಪುರದ ಕಾಲೇಜುಗಳಲ್ಲಿ ಎಂಎಸ್ಸಿ ಮಾಡುತ್ತಿರುವವರಿಗೆ ಇದನ್ನು ಕೈಯಾರೆ ಮಾಡಿ ನೋಡುವ ಆಸೆ ಇದ್ದರೆ ಮೊದಲೇ ಪ್ರಸ್ತಾವ ಬರೆಯಬೇಕಿಲ್ಲ. ಜಿಎಂಆರ್‌ಟಿಯ ಹಳೆಯ ದತ್ತಾಂಶ, ನೋಡಿದವರಿಗಷ್ಟೇ ಕಾಯ್ದಿರಿಸಿದ ಅವಧಿ ಮುಗಿದ ಮೇಲೆ, ಎಲ್ಲರಿಗೂ ತೆರೆದಿರುತ್ತದೆ. 1420ರ ಸುತ್ತ ನೋಡಿದ, ಪ್ರಖರ ಮೋಡವಿರುವ ಒಂದು ವೀಕ್ಷಣೆ ಆರಿಸಿಕೊಳ್ಳಿ. ಒಂದು ಚಾನೆಲ್ 5 ಕಿಲೋಹರ್ಟ್ಜ್‌ಗಿಂತ ಅಗಲವಾಗಿರದಿದ್ದರೆ ಸೆಕೆಂಡಿಗೆ 1 ಕಿ.ಮೀ. ವೇಗದ ವ್ಯತ್ಯಾಸ ಹೆಚ್ಚುಕಡಿಮೆ ಕಾಣುತ್ತದೆ, ಇಷ್ಟಕ್ಕೆ ಅದು ಸಾಕು. ಅಳತೆಗೋಲನ್ನು ಆವೃತ್ತಿ ಸರಿಸಿ ನೋಡಿದ್ದಾರೋ ಇಲ್ಲವೋ ಎಂದು ವೀಕ್ಷಣೆಯ ದಾಖಲೆಯಲ್ಲಿ ಮೊದಲೇ ನೋಡಿಕೊಳ್ಳಿ. ನೋಡಿರದಿದ್ದರೆ ಸೊನ್ನೆಯ ಆಚೀಚೆ ಹತ್ತು ಕಿ.ಮೀ.ಯಷ್ಟು ಭಾಗವನ್ನು ಬಿಟ್ಟು ಉಳಿದದ್ದನ್ನು ನಂಬಬಹುದು.