ಸ್ಯಾನ್ ಆಂಟೋನಿಯೋದ ಸಂಘದಲ್ಲಿ ಮೂರು ವರ್ಷ ಲೆಕ್ಕ ಬರೆದೆ

2022ರ ಬೇಸಿಗೆ. ಆಫೀಸಿನ ಗೆಳತಿಯೊಬ್ಬಳು ಊಟದ ಹೊತ್ತಿಗೆ ಬಂದು, "ನಮ್ಮ ಸಂಘಕ್ಕೆ ಖಜಾಂಚಿ ಬೇಕು, ನೀನು ಆಗ್ತೀಯಾ?" ಎಂದು ಕೇಳಿದಳು. ಸಂಘ ಅಂದರೆ ನಾವಿಬ್ಬರೂ ಓದಿದ ಸರ್ಕಾರಿ ವಿಶ್ವವಿದ್ಯಾಲಯದ ಲ್ಯಾಟಿನೋ, ಅಂದರೆ ಮೆಕ್ಸಿಕೋ ಮತ್ತಿತರ ಲ್ಯಾಟಿನ್ ಅಮೆರಿಕ ದೇಶಗಳ ಮೂಲದ, ಹಳೆ ವಿದ್ಯಾರ್ಥಿಗಳ ಸಂಘ. ಅವಳು ಅದರ ಹೊಸ ಅಧ್ಯಕ್ಷೆ, ವಯಸ್ಸು 29. "ನಾನು ತೀರ್ಥಹಳ್ಳಿಯವನು ಮಾರಾಯ್ತಿ, ಸ್ಪ್ಯಾನಿಷ್‌ನಲ್ಲಿ ಹೋಟೆಲಲ್ಲಿ ತಿಂಡಿ ಹೇಳುವಷ್ಟು ಮಾತ್ರ ಬರುತ್ತದೆ" ಎಂದೆ. "ಲೆಕ್ಕ ಬರುತ್ತದೆ ಅಲ್ವಾ? ಸದಸ್ಯತ್ವ ಎಲ್ಲರಿಗೂ ಇದೆ" ಎಂದಳು. ಒಂದು ವರ್ಷಕ್ಕೆ ಅಂತ ಒಪ್ಪಿಕೊಂಡೆ. ಮೂರು ವರ್ಷ ಆಯಿತು.

ಟೆಕ್ಸಾಸ್‌ನ ಈ ಊರಲ್ಲಿ ನೂರಕ್ಕೆ ಅರವತ್ತಕ್ಕಿಂತ ಜಾಸ್ತಿ ಜನ ಲ್ಯಾಟಿನೋಗಳು. ಹೆಚ್ಚಿನವರು ಮೆಕ್ಸಿಕೋ ಮೂಲದವರು. ಕೆಲವರ ಮನೆತನವಂತೂ ಟೆಕ್ಸಾಸ್ ಅಮೆರಿಕಕ್ಕೆ ಸೇರುವ ಮುಂಚಿನಿಂದಲೂ ಇಲ್ಲೇ ಇದೆ. ಸಂಘ ನಡೆಸುವ ನಮ್ಮ ಬೋರ್ಡಿನಲ್ಲಿ ಒಂಬತ್ತು ಜನ. ಒಬ್ಬಳು ನರ್ಸ್, ಒಬ್ಬಳು ವಕೀಲೆ, ಇಬ್ಬರು ಶಾಲಾ ಮೇಷ್ಟ್ರು, ಒಬ್ಬ ವಾಯುಪಡೆ ನೆಲೆಯಲ್ಲಿ ಎಂಜಿನಿಯರ್. ಎಲ್ಲರಿಗಿಂತ ದೊಡ್ಡವನಿಗೆ 34. ಏಳು ಜನ ಅವರವರ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು.

ಹಿಂದಿನ ಬೋರ್ಡಿನವರು ವಯಸ್ಸಾದವರು, ಅಂಗಡಿ ವ್ಯವಹಾರ ಇದ್ದವರು. ಬೋರ್ಡಿನ ಪ್ರತಿ ಸದಸ್ಯ ವರ್ಷಕ್ಕೆ ಒಂದು ಸಾವಿರ ಡಾಲರ್ ಕೊಡಬೇಕು, ಇಲ್ಲವೇ ಬೇರೆಯವರಿಂದ ತರಬೇಕು ಅಂತ ಅವರ ಕಾಲದ ನಿಯಮ. ಇಲ್ಲಿನ ಎಷ್ಟೋ ಸಂಘಗಳಲ್ಲಿ ಇದು ಮಾಮೂಲಿ. ಆದರೆ ನಮ್ಮ ನರ್ಸ್ ಹುಡುಗಿ ತನ್ನ ಓದಿನ ಸಾಲದ ಕಂತು ಕಟ್ಟಿ, ಅಪ್ಪ ಅಮ್ಮನ ಮನೆ ಕಂತಿಗೂ ಕೈಜೋಡಿಸಿ, ತಮ್ಮನ ಫೋನ್ ಬಿಲ್ಲೂ ಕಟ್ಟುತ್ತಿದ್ದಳು. ಅವಳಿಗೆ ಸಾವಿರ ಡಾಲರ್ ಕೊಡು ಅಂದರೆ ಮುಂದಿನ ಮೀಟಿಂಗಿಗೆ ಅವಳು ಬರುವುದಿಲ್ಲ, ಅಷ್ಟೇ. ಮೊದಲ ತಿಂಗಳೇ ಆ ನಿಯಮ ತೆಗೆದೆವು. ಕೈಲಾದಷ್ಟು ಕೊಡಿ, ಐದು ಡಾಲರ್ ಆದರೂ ಸರಿ, ಆದರೆ ಒಂಬತ್ತೂ ಜನ ಕೊಡಿ ಎಂದು ಬರೆದೆವು. ಹೊರಗೆ ದೇಣಿಗೆ ಕೇಳಲು ಹೋದಾಗ "ನಿಮ್ಮ ಬೋರ್ಡಿನವರೆಲ್ಲ ಕೊಟ್ಟಿದ್ದಾರಾ?" ಎಂದು ಕೇಳುತ್ತಾರೆ. ಎಷ್ಟು ಕೊಟ್ಟರು ಅಂತ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಇನ್ನು ನನ್ನ ಪಾಲಿನ ಕೆಲಸ. ಕೈಗೆ ಬಂದದ್ದು ಶೂ ಡಬ್ಬಿ ತುಂಬ ಕಾಗದ. ಬ್ಯಾಂಕ್ ಖಾತೆಗೆ ಸಹಿ ಮಾಡುವ ಅಧಿಕಾರ ಇನ್ನೂ ಊರು ಬಿಟ್ಟು ಹೋಗಿದ್ದ ಹಳೆ ಖಜಾಂಚಿಯ ಹೆಸರಲ್ಲೇ ಇತ್ತು. ಅದಕ್ಕಿಂತ ದೊಡ್ಡ ಗಾಬರಿ ಬೇರೆ ಕಾದಿತ್ತು. ವರ್ಷಕ್ಕೆ 50,000 ಡಾಲರ್ ಒಳಗೆ ವರಮಾನ ಇರುವ ಸಣ್ಣ ಸಂಘಗಳು ತೆರಿಗೆ ಇಲಾಖೆಗೆ 990-ಎನ್ ಎಂಬ ಪುಟ್ಟ ಫಾರ್ಮ್ ತುಂಬಬೇಕು. ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ಆದರೆ ಸತತ ಮೂರು ವರ್ಷ ತುಂಬದಿದ್ದರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ನಮ್ಮದು ಎರಡು ವರ್ಷ ತುಂಬಿರಲಿಲ್ಲ. ಇಲಾಖೆಯ ಪತ್ರಗಳು ಹಳೆ ಖಜಾಂಚಿಯ ಮನೆ ವಿಳಾಸಕ್ಕೆ ಹೋಗುತ್ತಿದ್ದವು. ನಮ್ಮ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಹಾಗಾಗಿ ಮೂರನೆಯದಕ್ಕೆ ನವೆಂಬರ್ 15 ಕೊನೆ ದಿನ. ನನಗೆ ಗೊತ್ತಾದದ್ದು ಅಕ್ಟೋಬರ್ ಕೊನೆಯಲ್ಲಿ. ತುಂಬಿ ಮುಗಿಸಿದ ದಿನ ರಾತ್ರಿ ನಿದ್ದೆ ಬಂತು. ಮರುದಿನವೇ ಅಂಚೆ ಕಚೇರಿಯಲ್ಲಿ ಒಂದು ಪೆಟ್ಟಿಗೆ ಬಾಡಿಗೆಗೆ ಹಿಡಿದೆ. ಸಂಘಕ್ಕೆ ಸಂಘದ್ದೇ ವಿಳಾಸ, ಸಂಘದ್ದೇ ಇಮೇಲ್. ಬ್ಯಾಂಕಿನಲ್ಲಿ ಇಬ್ಬರ ಸಹಿ.

ಆಮೇಲೆ ಹೆಸರುಗಳ ಗೋಳು. ಇದು ನನಗೆ ತುಂಬ ಹತ್ತಿರದ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ. ನಮ್ಮ ಕಡೆ ಸರ್‌ನೇಮ್ ಇಲ್ಲದವರು ಬೇಕಾದಷ್ಟು ಜನ ಅಲ್ವಾ? ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ನನ್ನ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬಂತು. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ವಿಶ್ವವಿದ್ಯಾಲಯದಿಂದ ಇವತ್ತಿಗೂ "ಪ್ರೀತಿಯ ಎಫ್‌ಎನ್‌ಯು" ಅಂತ ಪತ್ರ ಬರುತ್ತದೆ. ಹಾಗಾಗಿ ಹಳೆ ವಿದ್ಯಾರ್ಥಿಗಳ ಪಟ್ಟಿ ತೆರೆದ ಕೂಡಲೇ ಏನಾಗಿದೆ ಅಂತ ನನಗೆ ಹೊಳೆಯಿತು. ಸ್ಪ್ಯಾನಿಷ್ ಪದ್ಧತಿಯಲ್ಲಿ ಅಪ್ಪನ ಮನೆತನದ ಹೆಸರು ಮೊದಲು, ಅಮ್ಮನದು ಆಮೇಲೆ. "ಗಾರ್ಸಿಯಾ ಲೋಪೆಸ್" ಅಂದರೆ ಗಾರ್ಸಿಯಾ ಮನೆಯ ಮಗ. ಕಂಪ್ಯೂಟರ್ ಕೊನೆಯ ಪದ ಹಿಡಿದು ಅವನನ್ನು ಲೋಪೆಸ್ ಸಾಲಿಗೆ ಹಾಕಿತ್ತು. ಇನ್ನೊಂದು ಕಡೆ ಗಾರ್ಸಿಯಾ ಸಾಲಿನಲ್ಲೂ ಅವನೇ. ಮೂರನೆಯ ಕಡೆ ನಡುವೆ ಗೀಟು ಹಾಕಿಕೊಂಡು ಕೂತಿದ್ದ. ಎನ್ ಅಕ್ಷರದ ಮೇಲೆ ಅಲೆಯ ಗುರುತು ಇದ್ದರೆ ಒಬ್ಬ ಮನುಷ್ಯ, ಇಲ್ಲದಿದ್ದರೆ ಇನ್ನೊಬ್ಬ. ಒಬ್ಬನೇ ಹುಡುಗನಿಗೆ ಒಂದೇ ಆಹ್ವಾನ ಮೂರು ಸಲ ಹೋಗುತ್ತಿತ್ತು. ಅವನು ರೇಗಿ ಎಲ್ಲವನ್ನೂ ಸ್ಪ್ಯಾಮ್‌ಗೆ ತಳ್ಳುತ್ತಿದ್ದ.

ಇಬ್ಬರು ಮೇಷ್ಟ್ರು ಮತ್ತು ನಾನು ನಾಲ್ಕು ಶನಿವಾರ ಕೂತು ಕೈಯಲ್ಲೇ ತಿದ್ದಿದೆವು. ಪಟ್ಟಿ ಕಾಲು ಭಾಗ ಕರಗಿತು. "ನೀವು ನಿಮ್ಮ ಹೆಸರನ್ನು ಹೇಗೆ ಬರೆಯುತ್ತೀರಿ?" ಎಂದು ಕೇಳಿ ಎಲ್ಲರಿಗೂ ಒಂದು ಸಾಲಿನ ಪತ್ರ ಕಳಿಸಿದೆವು. ನಾವು ಕಳಿಸಿದ ಅಷ್ಟೂ ಪತ್ರಗಳಲ್ಲಿ ಜಾಸ್ತಿ ಉತ್ತರ ಬಂದದ್ದು ಇದಕ್ಕೇ.

ಸಂಘದ ಹೆಸರಿನದೇ ಇನ್ನೊಂದು ಜಗಳ. ಹಿಸ್ಪಾನಿಕ್ ಅನ್ನಬೇಕೋ, ಲ್ಯಾಟಿನೋ ಅನ್ನಬೇಕೋ, ಗಂಡು ಹೆಣ್ಣು ಭೇದವಿಲ್ಲದ ಲ್ಯಾಟಿನೆಕ್ಸ್ ಅನ್ನಬೇಕೋ? ಒಂದೂವರೆ ಗಂಟೆ ಚರ್ಚೆ. ಕೊನೆಯ ಪದವನ್ನು ತಮಗೆ ಬಳಸಿಕೊಳ್ಳುವವರು ನೂರಕ್ಕೆ ನಾಲ್ಕು ಜನ ಅಂತ ಪ್ಯೂ ಎಂಬ ಸಮೀಕ್ಷಾ ಸಂಸ್ಥೆ 2024ರಲ್ಲಿ ಹೇಳಿತು. ನಾವು ಅದಕ್ಕೂ ಮುಂಚೆಯೇ ಸುಸ್ತಾಗಿ ಹಳೆಯದನ್ನೇ ಇಟ್ಟುಕೊಂಡೆವು. ಹೊರನಾಡಿನ ಕನ್ನಡ ಸಂಘಗಳ ಮೀಟಿಂಗಲ್ಲಿ ಕೂತವರಿಗೆ ಇದೇನೂ ಹೊಸದಲ್ಲ.

ಅಧ್ಯಕ್ಷೆ ಮಾಡಿದ ಒಂದು ಕೆಲಸ ನನಗೆ ತುಂಬ ಹಿಡಿಸಿತು. ಸಮಿತಿಗಳನ್ನೆಲ್ಲ ಕಿತ್ತುಹಾಕಿದಳು. "ಕಾರ್ಯಕ್ರಮ ಸಮಿತಿ" ಅಂದರೆ ವರ್ಷವಿಡೀ ಕುತ್ತಿಗೆಗೆ ಬಿದ್ದ ಗಂಟು. ಅದರ ಬದಲು ಪ್ರತಿ ಕೆಲಸಕ್ಕೆ ಮುಗಿಯುವ ತಾರೀಖು. "ಮಾರ್ಚ್ 8ರೊಳಗೆ ಹಾಲ್ ಗೊತ್ತು ಮಾಡು. ಆಮೇಲೆ ನೀನು ಫ್ರೀ." ಮೀಟಿಂಗ್ ಮಂಗಳವಾರ ರಾತ್ರಿ ಎಂಟಕ್ಕೆ, ಫೋನಿನಲ್ಲೇ, ಒಂದೇ ಗಂಟೆ. ನರ್ಸ್ ಎಷ್ಟೋ ಸಲ ಆಸ್ಪತ್ರೆಯ ಪಾರ್ಕಿಂಗ್‌ನಿಂದಲೇ ಮಾತಾಡುತ್ತಿದ್ದಳು. ಒಬ್ಬ ಮೇಷ್ಟ್ರ ಮಗು ಅಳುವುದು ನಡಾವಳಿಯಲ್ಲಿ ದಾಖಲಾಗಿಲ್ಲ, ಅಷ್ಟೇ.

ದುಡ್ಡು ಹೇಗೆ ಬಂತು ಅಂತ ಕೇಳುತ್ತೀರಾ? ಲೋಟೆರಿಯಾ ಅಂತ ಮೆಕ್ಸಿಕನ್ ಆಟ ಇದೆ. ನಮ್ಮ ತಂಬೋಲಾ ಥರಾನೇ, ಆದರೆ ಅಂಕಿ ಬದಲು ಚಿತ್ರ. ಹುಂಜ, ಚಂದ್ರ, ಕುಡುಕ ಅಂತ 54 ಎಲೆ. ಕೂಗುವವನು ಒಗಟು ಹೇಳಿ ಚಿತ್ರ ಕರೆಯುತ್ತಾನೆ. ತಲಾ ಇಪ್ಪತ್ತು ಡಾಲರ್ ಇಟ್ಟು ಆಡಿಸೋಣ ಎಂದೆ. ವಕೀಲೆ ಎದ್ದು ಕೂತಳು. ದುಡ್ಡು ತಗೊಂಡು, ಅದೃಷ್ಟದ ಆಟ ಆಡಿಸಿ, ಬಹುಮಾನ ಕೊಟ್ಟರೆ ಟೆಕ್ಸಾಸ್‌ನಲ್ಲಿ ಅದು ಬಿಂಗೋ ಲೆಕ್ಕಕ್ಕೆ ಬರಬಹುದು, ಬಿಂಗೋಗೆ ಲೈಸೆನ್ಸ್ ಬೇಕು ಅಂದಳು. ಹಾಗಾಗಿ ಆಟ ಪುಕ್ಕಟೆ, ಊಟಕ್ಕೆ ದುಡ್ಡು. ಊಟದ ಟಿಕೆಟ್ಟಿಗೂ ಒಂದು ಕಟ್ಟಳೆ ಇದೆ. 75 ಡಾಲರಿಗಿಂತ ಜಾಸ್ತಿ ತಗೊಂಡರೆ, ಅದರಲ್ಲಿ ಊಟದ ಬೆಲೆ ಎಷ್ಟು ಅಂತ ಬರೆದು ಕೊಡಬೇಕು. ಉಳಿದದ್ದು ಮಾತ್ರ ದೇಣಿಗೆ.

ಡಿಸೆಂಬರ್‌ನಲ್ಲಿ ತಮಾಲೆ ಮಾಡಿ ಡಜನ್ ಲೆಕ್ಕದಲ್ಲಿ ಮಾರಿದೆವು. ಮೆಕ್ಕೆಜೋಳದ ಹಿಟ್ಟಿನ ಕಣಕ ಮೆಕ್ಕೆಜೋಳದ ಸಿಪ್ಪೆಗೆ ಸವರಿ, ಒಳಗೆ ಮಾಂಸವೋ ಬೀನ್ಸೋ ಇಟ್ಟು ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ಅಧ್ಯಕ್ಷೆಯ ಅಜ್ಜಿ ಮನೆಯಲ್ಲಿ ಹತ್ತು ಜನ ಸಾಲಾಗಿ ಕೂತು ಸವರಿದೆವು. ನಮ್ಮ ಕಡೆ ಅರಿಶಿನ ಎಲೆಗೆ ಹಿಟ್ಟು ಹಚ್ಚಿ ಕಡುಬು ಮಾಡಿದವನಿಗೆ ಇದು ಎಷ್ಟರದ್ದು ಅಂದುಕೊಂಡೆ. ಅಜ್ಜಿ ನನ್ನದನ್ನು ನೋಡಿ "ಮಿಹೋ" ಅಂದರು, ಮಗನೇ ಅಂತ. ತಟ್ಟೆ ಕಿತ್ತುಕೊಂಡು ಲೆಕ್ಕ ಬರೆಯಲು ಕೂರಿಸಿದರು.

ವಿದ್ಯಾರ್ಥಿವೇತನದ ವಿಷಯದಲ್ಲಿ ನಾನು ಸೋತೆ. ಶಾಶ್ವತ ನಿಧಿ ಇಡೋಣ, ಮುಟ್ಟದೆ ಬಡ್ಡಿಯಲ್ಲೇ ಕೊಡೋಣ ಅಂತ ನನ್ನ ವಾದ. ಅದಕ್ಕೆ ವಿಶ್ವವಿದ್ಯಾಲಯ ಕೇಳಿದ್ದು ಕನಿಷ್ಠ 25,000 ಡಾಲರ್. ನೂರಕ್ಕೆ ನಾಲ್ಕರಂತೆ ವರ್ಷಕ್ಕೆ ಸಿಗುವುದು ಒಂದು ಸಾವಿರ. ವಕೀಲೆ ಕೇಳಿದಳು, "ಅಷ್ಟು ಕೂಡಿಸಲು ನಮಗೆ ಐದು ವರ್ಷ ಬೇಕು. ಆ ಐದು ವರ್ಷದಲ್ಲಿ ಕಾರು ಕೆಟ್ಟು ಕಾಲೇಜು ಬಿಟ್ಟವರಿಗೆ ಏನು ಹೇಳ್ತೀಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನೇರವಾಗಿ ಕೊಡಲು ಶುರು ಮಾಡಿದೆವು.

ಅಲ್ಲೂ ಒಂದು ಪೆಟ್ಟು ಬಿತ್ತು. ಮೊದಲ ವರ್ಷ ಸಾವಿರ ಡಾಲರ್ ಪಡೆದ ಹುಡುಗಿ ಎರಡು ತಿಂಗಳ ಮೇಲೆ ಫೋನ್ ಮಾಡಿದಳು. ನಮ್ಮ ದುಡ್ಡು ಬಂತು ಅಂತ ಅವಳ ಕಾಲೇಜು ತನ್ನ ಸಹಾಯಧನದಲ್ಲಿ ಅಷ್ಟೇ ಕಡಿಮೆ ಮಾಡಿತ್ತು. ಅವಳ ಕೈಗೆ ಬಂದದ್ದು ಸೊನ್ನೆ. ನಾವು ತಮಾಲೆ ಸವರಿದ್ದು ಕಾಲೇಜಿನ ಖರ್ಚು ಉಳಿಸಲು! ಇದು ಇಲ್ಲಿ ಎಷ್ಟೋ ಕಡೆ ನಡೆಯುತ್ತದೆ. ಆಮೇಲೆ ಚೆಕ್ ಬರೆಯುವ ಮುಂಚೆ ಕಾಲೇಜಿನ ಹಣಕಾಸು ನೆರವು ಕಚೇರಿಗೆ ಫೋನ್ ಮಾಡಿ, "ಕಡಿಮೆ ಮಾಡುವುದಾದರೆ ಮೊದಲು ಅವಳ ಸಾಲದ ಪಾಲು ಕಡಿಮೆ ಮಾಡಿ" ಎಂದು ಬರೆಸಿಕೊಳ್ಳುತ್ತಿದ್ದೆವು. ಒಪ್ಪದ ಕಡೆ ಕೊಡುವ ಹೊತ್ತನ್ನೇ ಬದಲಾಯಿಸಿದೆವು.

2024 ಕಷ್ಟದ ವರ್ಷ. ಕೇಂದ್ರ ಸರ್ಕಾರದ ನೆರವಿಗೆ ತುಂಬುವ ಫಾಫ್ಸಾ ಅರ್ಜಿ ಅಕ್ಟೋಬರ್ ಬದಲು 2023ರ ಡಿಸೆಂಬರ್ ಕೊನೆಗೆ ತೆರೆದಿತ್ತು. ಅಪ್ಪ ಅಮ್ಮನಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದ ಮಕ್ಕಳ ಅರ್ಜಿ ಮುಂದಕ್ಕೇ ಹೋಗುತ್ತಿರಲಿಲ್ಲ. ಮಕ್ಕಳು ಇಲ್ಲೇ ಹುಟ್ಟಿದವರು, ಅವರಿಗೆ ನೆರವಿನ ಹಕ್ಕಿದೆ. ಆದರೂ ತಾಯಂದಿರು ಲೈಬ್ರರಿಯಲ್ಲಿ ಮೂರು ಮೂರು ಗಂಟೆ ಕೂತು ಬರಿಗೈಲಿ ಎದ್ದು ಹೋದರು. ನಮ್ಮವರು ಪಕ್ಕದಲ್ಲಿ ಕೂತು ಸ್ಪ್ಯಾನಿಷ್‌ನಲ್ಲಿ ಸಮಾಧಾನ ಮಾಡಿದರು. ನಾನು ಪಿಜ್ಜಾ ತರಿಸಿದೆ.

ಅದೇ ವರ್ಷ ಜನವರಿ 1ರಿಂದ ಟೆಕ್ಸಾಸ್‌ನ ಸೆನೆಟ್ ಬಿಲ್ 17 ಜಾರಿಗೆ ಬಂತು. ಸರ್ಕಾರಿ ವಿಶ್ವವಿದ್ಯಾಲಯಗಳು ವೈವಿಧ್ಯ, ಸಮಾನತೆಯ ಕಚೇರಿಗಳನ್ನು ಮುಚ್ಚಬೇಕಾಯಿತು. ಲ್ಯಾಟಿನೋ ಪದವೀಧರರಿಗೆ ಆ ಕಚೇರಿ ಮಾಡುತ್ತಿದ್ದ ಪುಟ್ಟ ಸಮಾರಂಭವೂ ನಿಂತಿತು. ಸಂಘದ ದುಡ್ಡಲ್ಲಿ ಮೇ ತಿಂಗಳಲ್ಲಿ ಕ್ಯಾಂಪಸ್ಸಿನ ಹೊರಗೆ ಹಾಲ್ ಹಿಡಿದೆವು. ಬಣ್ಣದ ಪಟ್ಟೆಯ ಸಾರಾಪೆ ಶಾಲು ಹೊದ್ದ ಮಕ್ಕಳು, ಹಿಂದೆ ಅಜ್ಜಿ ತಾತಂದಿರು. ಒಬ್ಬ ತಾತ 1968ರಲ್ಲಿ ಇದೇ ಊರಿನ ಎಡ್ಜ್‌ವುಡ್ ಹೈಸ್ಕೂಲಿನಿಂದ ಹೊರನಡೆದ ಮಕ್ಕಳಲ್ಲಿ ಒಬ್ಬರು. ಒಡೆದ ಕಿಟಕಿ, ಪಾಠ ಮಾಡಲು ಅರ್ಹತೆಯಿಲ್ಲದ ಮೇಷ್ಟ್ರು ಬೇಡ ಅಂತ ಅವರು ಬೀದಿಗೆ ಇಳಿದಿದ್ದರು. ಆ ಬಡಾವಣೆಯ ಪೋಷಕರು ಹಾಕಿದ ಶಾಲಾ ಅನುದಾನದ ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿ, 1973ರಲ್ಲಿ ಐದಕ್ಕೆ ನಾಲ್ಕರಂತೆ ಬಿದ್ದುಹೋಯಿತು. ತಾತ ಭಾಷಣ ಮಾಡಲಿಲ್ಲ. ಮೊಮ್ಮಗಳ ಶಾಲು ಸರಿ ಮಾಡುತ್ತಾ ಕೂತಿದ್ದರು.

2025ರ ಜೂನ್‌ನಲ್ಲಿ ಖಜಾಂಚಿ ಕೆಲಸ 24 ವರ್ಷದ ಹುಡುಗಿಗೆ ಒಪ್ಪಿಸಿದೆ. ಅಂಚೆ ಪೆಟ್ಟಿಗೆಯ ಬೀಗದ ಕೈ, ಪಾಸ್‌ವರ್ಡ್ ಚೀಟಿ, ನವೆಂಬರ್ 15 ಅಂತ ಕೆಂಪು ಶಾಯಿಯಲ್ಲಿ ಬರೆದ ಕ್ಯಾಲೆಂಡರ್, ಎಲ್ಲ ಕೊಟ್ಟೆ. ಒಂದು ಬಾಕಿ ಇತ್ತು. ಈ ಊರಲ್ಲಿ ಏಪ್ರಿಲ್ ಬಂದರೆ ಫಿಯೆಸ್ಟಾ, 1891ರಿಂದ ನಡೆದುಬಂದ ಜಾತ್ರೆ. ಪ್ರತಿ ಸಂಘ, ಅಂಗಡಿ, ಆಫೀಸು ತನ್ನದೇ ಮೆಡಲ್ ಮಾಡಿಸುತ್ತದೆ. ಜನ ಕೊಂಡು, ಬದಲಾಯಿಸಿಕೊಂಡು ಎದೆ ತುಂಬ ಸಿಕ್ಕಿಸಿಕೊಳ್ಳುತ್ತಾರೆ. ಮೊದಲ ವರ್ಷ ನಮ್ಮ 300 ಮೆಡಲ್ ಒಂದೇ ವಾರದಲ್ಲಿ ಖಾಲಿ. ಆ ಉಮೇದಿನಲ್ಲಿ ಮರುವರ್ಷ ನಾನು 500 ಮಾಡಿಸಿದೆ, ಮೇಲೆ ದೊಡ್ಡದಾಗಿ 2024 ಅಂತ ಕೆತ್ತಿಸಿ. ಉಳಿದ ಪೆಟ್ಟಿಗೆಯನ್ನು ಮುಂದೆ ತಳ್ಳಿದೆ.

"ಇದು ನಿಮ್ಮ ಹತ್ತಿರವೇ ಇರಲಿ," ಎಂದಳು ಹುಡುಗಿ. ಗ್ಯಾರೇಜಿನಲ್ಲಿ ಈಗಲೂ 170 ಇವೆ. ಊರಿಂದ ಬಂದವರಿಗೆಲ್ಲ ಎರಡೆರಡು ಕೊಟ್ಟು ಕಳಿಸುತ್ತಿದ್ದೇನೆ.