ಬೇಲೂರಿನ ನವರಂಗಕ್ಕೂ ಕಾಫಿ ತೋಟಕ್ಕೂ ಒಂದೇ ಪುಟ್ಟ ಕ್ಯಾಮೆರಾ: ಕಡಿಮೆ ಬೆಲೆಗೆ ನಾನು ಆರಿಸಿದ ಬಗೆ

ಕ್ಯಾಮೆರಾ ಹುಡುಕುವ ಮೊದಲು ಕಾಗದದ ಮೇಲೆ ಎರಡು ಜಾಗ ಬರೆದಿಟ್ಟುಕೊಂಡೆ. ಒಂದು, ಬೇಲೂರು ಚೆನ್ನಕೇಶವ ದೇವಾಲಯದ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಒಳಮಂಟಪ. ಇನ್ನೊಂದು, ನೆರಳು ಮರಗಳ ಕೆಳಗಿನ ಕಾಫಿ ಗಿಡ. ಮೊದಲನೆಯದರಲ್ಲಿ ಬೆಳಕಿಲ್ಲ, ಎರಡನೆಯದರಲ್ಲಿ ಬೆಳಕಿದ್ದರೂ ಹಸಿರು, ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ತೇವ. ಅಂಗಡಿಯ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸಿರುವ ಮೆಗಾಪಿಕ್ಸೆಲ್ ಮತ್ತು ಜೂಮ್ ಮಾತ್ರ ನೋಡಿದರೆ ಈ ಎರಡು ಜಾಗಗಳಲ್ಲೂ ಸಾಲದು. ನೆರವಿಗೆ ಬರುವುದು ಡಬ್ಬಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಎರಡು ಅಂಕಿಗಳು: ಸೆನ್ಸರ್‌ನ (ಬೆಳಕನ್ನು ಚಿತ್ರವಾಗಿಸುವ ಚಿಪ್‌ನ) ಅಳತೆ ಮತ್ತು ಲೆನ್ಸ್‌ನ ಎಫ್ ಸಂಖ್ಯೆ (ಇದು ಚಿಕ್ಕದಾದಷ್ಟೂ ಲೆನ್ಸ್‌ನ ರಂಧ್ರ ದೊಡ್ಡದು, ಒಳಗೆ ಬರುವ ಬೆಳಕು ಹೆಚ್ಚು).

ಅಗ್ಗದ ಹೊಸ ಕಾಂಪ್ಯಾಕ್ಟ್‌ಗಳಲ್ಲಿ (ಪುಟ್ಟ ಕ್ಯಾಮೆರಾಗಳಲ್ಲಿ) ಬಹುಪಾಲು 1/2.3 ಇಂಚಿನ ಸೆನ್ಸರ್. ಅಂದರೆ ಸುಮಾರು 6.2 ಮಿ.ಮೀ ಅಗಲ, 4.6 ಮಿ.ಮೀ ಎತ್ತರ, ವಿಸ್ತೀರ್ಣ 28 ಚದರ ಮಿ.ಮೀ. ಹಿಂದೆ ಮೇಲ್ದರ್ಜೆಯದೆಂದು ಮಾರುತ್ತಿದ್ದ ಕ್ಯಾಮೆರಾಗಳಲ್ಲಿ 1/1.7 ಇಂಚಿನದು, ಸುಮಾರು 43 ಚದರ ಮಿ.ಮೀ. ಸೋನಿ ಆರ್‌ಎಕ್ಸ್100ರಂಥವುಗಳಲ್ಲಿರುವ 1 ಇಂಚಿನ ಸೆನ್ಸರ್ 13.2 x 8.8 ಮಿ.ಮೀ, ಅಂದರೆ 116 ಚದರ ಮಿ.ಮೀ, ಅಗ್ಗದ್ದರ ನಾಲ್ಕು ಪಟ್ಟು. ಬೆಳಕು ಬೀಳುವ ಜಾಗ ದೊಡ್ಡದಾದಷ್ಟೂ ಕತ್ತಲಲ್ಲಿ ಚಿತ್ರಕ್ಕೆ ಕಾಳುಕಾಳಾದ ನಾಯ್ಸ್ ಕಡಿಮೆ. 28 ಚದರ ಮಿ.ಮೀ ಒಳಗೆ 20 ಮೆಗಾಪಿಕ್ಸೆಲ್ ತುರುಕಿದರೆ ಫೈಲ್ ದೊಡ್ಡದಾಗುತ್ತದೆಯೇ ಹೊರತು ಶಿಲ್ಪದ ಒಡವೆಯ ಗೆರೆ ಸ್ಪಷ್ಟವಾಗುವುದಿಲ್ಲ.

ಎಫ್ ಸಂಖ್ಯೆಯ ಲೆಕ್ಕವನ್ನು ನವರಂಗದಲ್ಲೇ ನೋಡಿ. ಬಾಗಿಲ ಬೆಳಕು ಮಬ್ಬಾಗಿ ತಲುಪುವ ಕಂಬದ ಬಳಿ ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 800, ಎಫ್/2 ಇಟ್ಟರೆ ಶಟರ್ ವೇಗ 1/15 ಸೆಕೆಂಡಿನ ಆಸುಪಾಸಿಗೆ ಬರುತ್ತದೆ ಎಂದುಕೊಳ್ಳಿ. ಕೈ ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್ ಇದ್ದರೆ, ಕಂಬಕ್ಕೆ ಭುಜ ಒರಗಿಸಿ ನಿಂತರೆ ಇದು ಕೈಯಲ್ಲೇ ಸಾಧ್ಯ. ಅದೇ ಜಾಗದಲ್ಲಿ ಸೋನಿ ಡಬ್ಲ್ಯು800 ಎಂಬ ಅಗ್ಗದ ಕಾಂಪ್ಯಾಕ್ಟ್ ಹಿಡಿದರೆ ಅದರ ಲೆನ್ಸ್ ಎಫ್/3.2ರಿಂದ ಶುರು, ಹಾಗಾಗಿ 1/6 ಸೆಕೆಂಡ್. ಪೂರ್ತಿ ಜೂಮ್ ಮಾಡಿದರೆ ಎಫ್/6.4 ಆಗಿ ಅರ್ಧ ಸೆಕೆಂಡನ್ನೂ ದಾಟುತ್ತದೆ. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು; ಫ್ಲ್ಯಾಶ್ ಹೊಡೆದರೆ ಕಡೆದು ನುಣುಪು ಮಾಡಿದ ಕಂಬಗಳ ಮೇಲೆ ಬಿಳಿ ಕಲೆ ಬೀಳುತ್ತದೆ, ಉಬ್ಬುಶಿಲ್ಪ ಚಪ್ಪಟೆಯಾಗುತ್ತದೆ. ಹಾಗಾಗಿ ಒಳಗಿನ ಕೆಲಸಕ್ಕೆ ಉಳಿಯುವುದು ಲೆನ್ಸ್ ಒಂದೇ.

ಹತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಇಂಥ ಲೆನ್ಸ್ ಹೊಸದರಲ್ಲಿ ಸಿಗುವುದಿಲ್ಲ. ಅಷ್ಟು ಖರ್ಚು ಮಾಡುವವರು ಹೊಸ ಅಗ್ಗದ್ದನ್ನು ಬಿಟ್ಟು 2010ರಿಂದ 2014ರ ನಡುವಿನ ಒಳ್ಳೆಯ ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಪಟ್ಟಿಯಲ್ಲಿ ಉಳಿದದ್ದು ಮೂರು. ಕ್ಯಾನನ್ ಪವರ್‌ಶಾಟ್ ಎಸ್95: 2010ರದು, 10 ಮೆಗಾಪಿಕ್ಸೆಲ್, ಜೂಮ್ 28ರಿಂದ (ಅಗಲ ನೋಟ) 105 ಮಿ.ಮೀವರೆಗೆ (ಹತ್ತಿರದ ನೋಟ), ಎಫ್/2ರಿಂದ 4.9, ಅಂಗಿಯ ಜೇಬಿಗೆ ಹಿಡಿಸುತ್ತದೆ. ಮೊದಲ ಸೋನಿ ಆರ್‌ಎಕ್ಸ್100: 2012ರದು, 20 ಮೆಗಾಪಿಕ್ಸೆಲ್, 28ರಿಂದ 100 ಮಿ.ಮೀ, ಎಫ್/1.8ರಿಂದ 4.9. ಪ್ಯಾನಸೋನಿಕ್ ಎಲ್‌ಎಕ್ಸ್7: ಅದೂ 2012ರದು, 10 ಮೆಗಾಪಿಕ್ಸೆಲ್, 24ರಿಂದ 90 ಮಿ.ಮೀ, ಎಫ್/1.4ರಿಂದ 2.3. ಮೂರರಲ್ಲೂ ರಾ ಫೈಲ್ (ಸೆನ್ಸರ್‌ನಿಂದ ಬಂದ ಸಂಸ್ಕರಿಸದ ಚಿತ್ರ) ಸಿಗುತ್ತದೆ, ಮೂರರಲ್ಲೂ ಎಕ್ಸ್‌ಪೋಶರ್ (ಚಿತ್ರಕ್ಕೆ ಬಿಡುವ ಬೆಳಕಿನ ಅಳತೆ) ಪೂರ್ತಿ ಕೈಯಲ್ಲೇ ಇಡಬಹುದು. ಎಸ್95ರಲ್ಲಿರುವಂಥ ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್‌ನ ಕ್ಯಾಮೆರಾಗಳಿಗೆ ಈಚೆಗೆ ಇನ್‌ಸ್ಟಾಗ್ರಾಂನಿಂದಾಗಿ ಬೆಲೆ ಏರಿರುವುದರಿಂದ ಎಸ್95ಗೆ ಅದರ ಯೋಗ್ಯತೆಗಿಂತ ಹೆಚ್ಚು ಕೇಳುವವರೂ ಇದ್ದಾರೆ.

ಕಾಗದದ ಮೇಲೆ ಆರ್‌ಎಕ್ಸ್100 ಗೆಲ್ಲುತ್ತದೆ. ಆದರೂ ನಾನು ಎಲ್‌ಎಕ್ಸ್7 ಹಿಡಿದೆ. ಕಾರಣ ನವರಂಗದ ಒಳಗಿನ ನಾಲ್ಕು ಮದನಿಕೆಯರು, ಅಂದರೆ ಕಂಬದ ತುದಿಯಲ್ಲಿ ಓರೆಯಾಗಿ ಕೂರಿಸಿದ ಸ್ತ್ರೀ ಶಿಲ್ಪಗಳು. ಬೇಲೂರಿನ ಮದನಿಕೆಯರಲ್ಲಿ 38 ಹೊರಗೆ, ಸೂರಿನ ಕೆಳಗೆ. ಉಳಿದ ನಾಲ್ಕು ಒಳಗೆ, ನಡುವಿನ ಕಂಬಗಳ ತುದಿಯಲ್ಲಿ, ಕತ್ತಲಲ್ಲಿ. ಅವಕ್ಕೆ ಜೂಮ್ ಬೇಕೇ ಬೇಕು. ಪೂರ್ತಿ ಜೂಮ್‌ನಲ್ಲಿ ಆರ್‌ಎಕ್ಸ್100ರ ಲೆನ್ಸ್ ಎಫ್/4.9ಕ್ಕೆ ಕುಗ್ಗುತ್ತದೆ, ಎಲ್‌ಎಕ್ಸ್7 ಎಫ್/2.3ರಲ್ಲೇ ನಿಲ್ಲುತ್ತದೆ. ವ್ಯತ್ಯಾಸ ನಾಲ್ಕೂವರೆ ಪಟ್ಟು ಬೆಳಕು. ಮೇಲೆ ಹೇಳಿದ ಬೆಳಕಿನಲ್ಲಿ, ಅದೇ ಐಎಸ್ಒ 800ಕ್ಕೆ, ಎಲ್‌ಎಕ್ಸ್7ರಲ್ಲಿ 1/11 ಸೆಕೆಂಡ್, ಆರ್‌ಎಕ್ಸ್100ರಲ್ಲಿ 1/3 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಮೊದಲನೆಯದನ್ನು ಒರಗಿ ನಿಂತು ತೆಗೆಯಬಹುದು, ಎರಡನೆಯದು ಅಲುಗಿಯೇ ಅಲುಗುತ್ತದೆ. ದೊಡ್ಡ ಸೆನ್ಸರ್ ಕೊಟ್ಟ ಲಾಭವನ್ನು ಜೂಮ್‌ನ ತುದಿಯಲ್ಲಿ ಲೆನ್ಸ್ ನುಂಗಿಬಿಡುತ್ತದೆ. ಜೂಮ್ ಮಾಡದೆ ಅಗಲವಾಗಿ ಮಾತ್ರ ತೆಗೆಯುವವರಾದರೆ ಲೆಕ್ಕ ತಿರುಗುಮುರುಗು. ಅವರು ಆರ್‌ಎಕ್ಸ್100 ಕೊಳ್ಳಲಿ.

ತೋಟದ ಲೆಕ್ಕವೂ ಅದೇ ಕಡೆ ವಾಲಿತು. ಎಲೆ ತುಕ್ಕು ರೋಗದ ಕಿತ್ತಳೆ ಪುಡಿ ಎಲೆಯ ಅಡಿಭಾಗದಲ್ಲಿರುತ್ತದೆ. ಅದನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರಿಗೋ ಪರಿಚಯದ ತಜ್ಞರಿಗೋ ತೋರಿಸಬೇಕಾದರೆ ಮಚ್ಚೆಯ ಅಂಚು ಕಾಣಬೇಕು. ಎಲ್‌ಎಕ್ಸ್7 ಅಗಲ ಕೋನದಲ್ಲಿ 1 ಸೆಂ.ಮೀ ಹತ್ತಿರಕ್ಕೂ ಫೋಕಸ್ ಮಾಡುತ್ತದೆ. ಎಸ್95 ಮತ್ತು ಆರ್‌ಎಕ್ಸ್100ಕ್ಕೆ 5 ಸೆಂ.ಮೀ ಬೇಕು. ಆದರೆ 1 ಸೆಂ.ಮೀ ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಎಲೆಯ ಮೇಲೆ ಬೀಳುತ್ತದೆ. ಎಲೆಯನ್ನು ಆಕಾಶದ ಕಡೆಗೆ ತಿರುಗಿಸಿ, ಪಕ್ಕದಿಂದ 3-4 ಸೆಂ.ಮೀ ದೂರ ಇಟ್ಟು, ಎಫ್/4ರಲ್ಲಿ ತೆಗೆಯುವುದು ಸರಿ. ಎಫ್/8ಕ್ಕೆ ಹೋಗಬೇಡಿ, ಇಷ್ಟು ಸಣ್ಣ ಸೆನ್ಸರ್‌ನಲ್ಲಿ ರಂಧ್ರ ಅಷ್ಟು ಕಿರಿದಾದರೆ ಬೆಳಕು ಹರಡಿ ಚಿತ್ರ ಮೆತ್ತಗಾಗುತ್ತದೆ. ನೆರಳು ಮರದ ಕೆಳಗೆ ಎಲ್ಲವೂ ಹಸಿರಾಗಿ ಬರುವುದಕ್ಕೆ ಮದ್ದು, ಬಿಳಿ ಕಾಗದದ ತುಂಡು. ಗಿಡದ ಪಕ್ಕ ಅದನ್ನು ಹಿಡಿದು ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ) ಕೂರಿಸಿದರೆ ತುಕ್ಕಿನ ಬಣ್ಣ ತುಕ್ಕಿನ ಬಣ್ಣವಾಗಿಯೇ ಬರುತ್ತದೆ. ಮಾರ್ಚ್-ಏಪ್ರಿಲ್‌ನ ಹೂಮಳೆಯ ನಂತರ ಗೆರೆ ಹಿಡಿದಂತೆ ಅರಳುವ ಕಾಫಿ ಹೂವಿಗೆ ಎಕ್ಸ್‌ಪೋಶರ್ +2/3 ಕೊಡಬೇಕು, ಇಲ್ಲದಿದ್ದರೆ ಬಿಳಿ ಹೂ ಬೂದಿಯಾಗುತ್ತದೆ.

ಎಲ್‌ಎಕ್ಸ್7ರ ಕೊರತೆಯನ್ನೂ ಹೇಳಬೇಕು. ಲೆನ್ಸ್ ಉಬ್ಬಿಕೊಂಡಿದೆ, ಮುಚ್ಚಳ ಬೇರೆಯೇ ಹಾಕಬೇಕು, ಅಂಗಿ ಜೇಬಿಗೆ ಬರುವುದಿಲ್ಲ. ಹೊರಗಿನ ಮದನಿಕೆಯರಿಗೆ 90 ಮಿ.ಮೀ ಸಾಲದು. ಚಿತ್ರದ ನಡುಭಾಗ ಕತ್ತರಿಸಿ 180 ಮಿ.ಮೀ ನೋಟ ಮಾಡಿಕೊಂಡರೆ 10 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಎರಡೂವರೆ. ಫೋನ್‌ನಲ್ಲಿ ನೋಡಲು ಸಾಕು, ಮುದ್ರಣಕ್ಕೆ ಸಾಲದು. ಆರ್‌ಎಕ್ಸ್100ರಲ್ಲಿ ಅದೇ ನೋಟಕ್ಕೆ ಕತ್ತರಿಸಿದರೂ 6 ಉಳಿಯುತ್ತದೆ, ಎ4 ಹಾಳೆಗೆ ಇಂಚಿಗೆ 200 ಚುಕ್ಕಿಯಂತೆ ಅಚ್ಚು ಹಾಕಬಹುದು. ಅಗ್ಗದ 8 ಪಟ್ಟು ಜೂಮ್‌ನ ಸಣ್ಣ ಕ್ಯಾಮೆರಾಕ್ಕೂ ಇಲ್ಲಿ ಮಾತ್ರ ಒಂದು ಬೆಲೆ ಇದೆ: ಬಿಸಿಲಿನಲ್ಲಿ ಹೊರಗಿನ ಶಿಲ್ಪ ತೆಗೆಯಲು ಅದು ಸಾಕಾಗುತ್ತದೆ. ಯಾವ ಕ್ಯಾಮೆರಾವಾದರೂ ಸೂರಿನ ಹಿಂದೆ ಬಿಳಿ ಆಕಾಶವಿದ್ದರೆ ಮದನಿಕೆ ಕಪ್ಪಾಗುತ್ತಾಳೆ. ಒಂದು ಬಿಂದುವಿನ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರ್‌ನಲ್ಲಿ ಮುಖದ ಮೇಲೆ ಅಳೆಯಿರಿ. ಹಳೇಬೀಡಿನ ಆನೆಸಾಲಿನಂತೆ ಕಪ್ಪು ಬಳಪದ ಕಲ್ಲೇ ಚೌಕಟ್ಟು ತುಂಬಿದಾಗ ಇದು ತಿರುಗುಮುರುಗು: ಕ್ಯಾಮೆರಾ ಕಲ್ಲನ್ನು ಬೆಳ್ಳಗೆ ಮಾಡುತ್ತದೆ, −2/3 ಕೊಡಿ. ಎರಡೂ ಗುಡಿಗಳು ಪೂರ್ವಾಭಿಮುಖ. ಮುಂಭಾಗದ ಕೆತ್ತನೆಯ ಆಳ ಕಾಣುವುದು ಹೊತ್ತೇರಿ, ಮಧ್ಯಾಹ್ನಕ್ಕೆ ಮುಂಚಿನ ಬಿಸಿಲು ಗೋಡೆಗೆ ಸವರಿಕೊಂಡು ಬೀಳುವಾಗ.

ಫೋನ್ ಸಾಲದೇ ಎಂದು ಕೇಳುವವರಿಗೆ: ಮುಳ್ಳಯ್ಯನಗಿರಿಯ ಮೇಲಿನ ಅಗಲ ನೋಟಕ್ಕೆ, ಮೋಡ ಮತ್ತು ಬಿಸಿಲು ಒಟ್ಟಿಗಿರುವಾಗ, ಫೋನೇ ಉತ್ತಮ. ಕತ್ತಲಲ್ಲಿ ಜೂಮ್ ಒತ್ತಿದ ಕೂಡಲೇ ಹೆಚ್ಚಿನ ಫೋನ್‌ಗಳು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತವೆ. ನವರಂಗದಲ್ಲಿ ಕ್ಯಾಮೆರಾ ಗೆಲ್ಲುವುದು ಅಲ್ಲೇ.

ಈಗ ಮುಖ್ಯವಾದ ಭಾಗ, ಸೆಕೆಂಡ್ ಹ್ಯಾಂಡ್ ಪರೀಕ್ಷೆ. ಹಾಸನ, ಚಿಕ್ಕಮಗಳೂರಿನಲ್ಲಿ ಸ್ಟುಡಿಯೊದವರನ್ನು ವಿಚಾರಿಸಿದರೆ ಬೀರುವಿನಲ್ಲಿ ಕೂತ ಕ್ಯಾಮೆರಾಗಳ ಸುಳಿವು ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಕಾಂಪ್ಯಾಕ್ಟ್ ಲೆನ್ಸ್‌ನ ದುರಸ್ತಿಗೆ ಬೆಂಗಳೂರಿಗೆ ಹೋಗಿ ಬಂದರೆ ಕ್ಯಾಮೆರಾದ ಬೆಲೆಯೇ ಆಗುತ್ತದೆ. ಚಾರ್ಜ್ ಆದ ಬ್ಯಾಟರಿ, ಒಂದು 8 ಜಿಬಿ ಕಾರ್ಡ್, ಪೆನ್ ಟಾರ್ಚ್ ಮತ್ತು ಒಂದು ದಿನಪತ್ರಿಕೆ ಜೊತೆಗಿರಲಿ.

ಹತ್ತು ಸಲ ಆನ್-ಆಫ್ ಮಾಡಿ, ಪ್ರತಿ ಸಲ ಜೂಮ್ ತುದಿಯಿಂದ ತುದಿಗೆ ಓಡಿಸಿ. ಕರಕರ ಸದ್ದು ಬಂದರೆ ಒಳಗೆ ಮರಳು ಸೇರಿದೆ ಅಥವಾ ಗೇರಿನ ಹಲ್ಲು ಸವೆದಿದೆ. 'ಲೆನ್ಸ್ ಎರರ್' ಎಂದು ಒಮ್ಮೆ ತೋರಿಸಿದರೂ ವಾಪಸ್ ಕೊಟ್ಟುಬಿಡಿ. ಲೆನ್ಸ್ ಪೂರ್ತಿ ಹೊರಬಂದಾಗ ಟಾರ್ಚನ್ನು ಓರೆಯಾಗಿ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಮಲೆನಾಡಿನ ಕ್ಯಾಮೆರಾಗಳಿಗೆ ಇದೇ ದೊಡ್ಡ ಶತ್ರು. ಹೊರಗಿನಿಂದ ಒರೆಸಿದರೆ ಹೋಗುವುದಿಲ್ಲ. ಪತ್ರಿಕೆಯನ್ನು ಗೋಡೆಗೆ ಅಂಟಿಸಿ, ನೇರ ಎದುರು ನಿಂತು, ಎಫ್ ಸಂಖ್ಯೆ ಅತಿ ಕಡಿಮೆ ಇಟ್ಟು ತೆಗೆಯಿರಿ. ನಾಲ್ಕು ಮೂಲೆಯ ಅಕ್ಷರ ಒಂದೇ ಸಮ ಮೆತ್ತಗಿದ್ದರೆ ಅದು ಲೆನ್ಸ್‌ನ ಗುಣ. ಒಂದೇ ಬದಿ ಕಲಸಿದ್ದರೆ ಕ್ಯಾಮೆರಾ ಎಲ್ಲೋ ಬಿದ್ದು ಲೆನ್ಸ್ ವಾಲಿದೆ. ಆಮೇಲೆ ಎಫ್/8 ಇಟ್ಟು, ಫೋಕಸ್ ತಪ್ಪಿಸಿ ಬಿಳಿ ಗೋಡೆ ತೆಗೆಯಿರಿ: ಬೂದು ಚುಕ್ಕಿಗಳು ಸೆನ್ಸರ್ ಮೇಲಿನ ದೂಳು. ಇಂಥ ಕ್ಯಾಮೆರಾಗಳ ಲೆನ್ಸ್ ಹೊರಗೆ ಒಳಗೆ ಹೋಗುವಾಗ ಗಾಳಿಯ ಜೊತೆ ದೂಳನ್ನೂ ಎಳೆದುಕೊಳ್ಳುತ್ತದೆ, ಬಿಚ್ಚದೆ ತೆಗೆಯಲಾಗದು. ಒಂದೆರಡು ಚುಕ್ಕಿಗೆ ಬೆಲೆ ಇಳಿಸಿ ಕೊಳ್ಳಬಹುದು. ಎಫ್/2ರಲ್ಲಿ ಅವು ಹೆಚ್ಚು ಕಡಿಮೆ ಕಾಣುವುದಿಲ್ಲ. ಕೊನೆಗೆ ಲೆನ್ಸ್ ಮುಚ್ಚಿ, ಐಎಸ್ಒ 400ರಲ್ಲಿ 1 ಸೆಕೆಂಡ್ ಬಿಟ್ಟು, ಕೆಟ್ಟ ಪಿಕ್ಸೆಲ್‌ಗಳ ಬಣ್ಣದ ಚುಕ್ಕಿ ಎಣಿಸಿ.

ಬ್ಯಾಟರಿ ಹೊರತೆಗೆದು ಮೇಜಿನ ಮೇಲಿಡಿ. ಚಪ್ಪಟೆಯಾಗಿ ಕೂರದೆ ಅಲುಗಿದರೆ ಉಬ್ಬಿದೆ. ಬ್ಯಾಟರಿ ಹಾಕಿದ ಪ್ರತಿ ಸಲ ದಿನಾಂಕ ಕೇಳಿದರೆ ಒಳಗಿನ ಪುಟ್ಟ ಬ್ಯಾಕಪ್ ಸೆಲ್ ಸತ್ತಿದೆ, ತೊಂದರೆ ಸಣ್ಣದು. ಫೈಲ್ ಸಂಖ್ಯೆ ನೋಡಿ ಎಷ್ಟು ಚಿತ್ರ ತೆಗೆದಿದ್ದಾರೆ ಎಂದು ತೀರ್ಮಾನಿಸಬೇಡಿ, 9999ರ ನಂತರ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಜಪಾನ್‌ನಿಂದ ಬಂದ ಸೋನಿಯಾದರೆ ಮೆನು ಜಪಾನಿಯಲ್ಲಿ ಮಾತ್ರ ಇರಬಹುದು, ಭಾಷೆಯ ಪುಟ ತೆರೆದು ನೋಡಿ. ಎಕ್ಸ್‌ಡಿ ಎಂಬ ಹಳೆಯ ಬಗೆಯ ಮೆಮೊರಿ ಕಾರ್ಡ್ ಬೇಡುವ ಹಳೆಯ ಒಲಿಂಪಸ್, ಫ್ಯೂಜಿ ಎಷ್ಟೇ ಅಗ್ಗವಾದರೂ ಬೇಡ.

ಕೊಂಡ ಮೇಲೆ ಡಿಜಿಟಲ್ ಜೂಮ್ ಆಫ್ ಮಾಡಿ, ಐಎಸ್ಒ ಮಿತಿಯನ್ನು ಎಸ್95ರಲ್ಲಿ 400ಕ್ಕೆ, ಎಲ್‌ಎಕ್ಸ್7ರಲ್ಲಿ 800ಕ್ಕೆ, ಆರ್‌ಎಕ್ಸ್100ರಲ್ಲಿ 1600ಕ್ಕೆ ಕಟ್ಟಿಹಾಕಿ. ಗುಡಿಯೊಳಗೆ 2 ಸೆಕೆಂಡ್ ಟೈಮರ್ ಬಳಸಿ. ಬಟನ್ ಒತ್ತುವ ಬೆರಳೇ ಕ್ಯಾಮೆರಾ ಅಲುಗಿಸುವುದು.

ಇನ್ನು ಇಡುವ ಬಗೆ. ಚರ್ಮದ ಪೌಚು, ಬಟ್ಟೆಯ ಚೀಲ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಮಳೆಗಾಲದಲ್ಲಿ ಅವುಗಳಲ್ಲಿ ಕ್ಯಾಮೆರಾ ಇಟ್ಟರೆ ಫಂಗಸ್‌ಗೆ ಮನೆ ಕಟ್ಟಿಕೊಟ್ಟಂತೆ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ 100 ಗ್ರಾಂ ಸಿಲಿಕಾ ಜೆಲ್, ಪಕ್ಕದಲ್ಲಿ ಒಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50 ಶೇಕಡದ ನಡುವೆ ಇರಬೇಕು, 60 ದಾಟಿದರೆ ಜೆಲ್ ಬದಲಿಸುವ ಹೊತ್ತು. ಬಣ್ಣ ಬದಲಾಗುವ ಕಿತ್ತಳೆ ಜೆಲ್ ತೇವ ಕುಡಿದು ಹಸಿರಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಿತ್ತಳೆಯಾಗುವವರೆಗೆ ಕೈಯಾಡಿಸಿ, ಪೂರ್ತಿ ಆರಿಸಿಯೇ ಡಬ್ಬಿಗೆ ಹಾಕಬೇಕು. ಆ ಬಾಣಲೆಯನ್ನು ಅಡಿಗೆಗೆ ಮತ್ತೆ ಬಳಸಬಾರದು. ಬಾಬಾಬುಡನ್‌ಗಿರಿಯ ಮಂಜಿನಿಂದ ಬಂದ ದಿನ ಕ್ಯಾಮೆರಾವನ್ನು ಜಿಪ್ ಕವರ್‌ನೊಳಗೇ ಬಿಟ್ಟು, ಮುಟ್ಟಿದರೆ ತಣ್ಣಗಿಲ್ಲ ಎನ್ನಿಸಿದ ಮೇಲೆ ಹೊರತೆಗೆದು, ಬ್ಯಾಟರಿ ಮತ್ತು ಕಾರ್ಡ್‌ನ ಬಾಗಿಲು ತೆರೆದು ಆರಿಸಿ, ಆಮೇಲೆ ಡಬ್ಬಿಗೆ ಸೇರಿಸಿ.